ಅಂಜುಬುರುಕನ ಮಿಲಿಟರಿ ಜಾಕೀಟು

ಧೈರ್ಯವಂತನ ಬದುಕಿನಲ್ಲಿ ಹುಲಿ ಒಂದೇ ಸಲ ಬಂದು ಹೋಗುತ್ತದೆ. ಅಂಜುಬುರುಕನ ಬದುಕಿನಲ್ಲಿ ದಿನಕ್ಕೊಂದು ಎಮ್ಮೆಯಾದರೂ ಬಂದೇ ಬರುತ್ತದೆ. ನನ್ನ ನೌಕರಿಯೆಲ್ಲ ಹೀಗೇ ಕಳೆಯಿತು.

ನಮ್ಮದು ಸೇಡಂ. ಮನೆತನದಲ್ಲಿ ಮಾಸ್ತರರಿದ್ದರು, ಗುಡಿಯ ಪೂಜೆ ಮಾಡುವವರಿದ್ದರು, ಕಚೇರಿಯ ಕಾರಕೂನರಿದ್ದರು. ದನದ ಬಾಲ ಎತ್ತಿ ನೋಡಿದವರು ಮಾತ್ರ ಯಾರೂ ಇರಲಿಲ್ಲ. ಅದು ನನ್ನ ಪಾಲಿಗೆ ಬಂತು. ತೊಂಬತ್ತರ ದಶಕದ ಆರಂಭದಲ್ಲಿ ನನಗೆ ದನದ ದವಾಖಾನೆಯಲ್ಲಿ ಪರಿವೀಕ್ಷಕನ ನೌಕರಿ ಸಿಕ್ಕಿತು. ನಾನು ಡಾಕ್ಟರನಲ್ಲ, ಆದರೆ ಹಳ್ಳಿಯಲ್ಲಿ ಸೂಜಿ ಹಿಡಿದವರೆಲ್ಲ ಡಾಕ್ಟರೇ. ತೊಂದರೆ ಎಂದರೆ ನನಗೆ ದನ ಕಂಡರೆ ಅಂಜಿಕೆ. ಕೋಡು ಕಂಡರೆ ಅಂಜಿಕೆ, ನಾಯಿ ಬೊಗಳಿದರೆ ಅಂಜಿಕೆ, ಪೊಲೀಸರನ್ನು ಕಂಡರೆ ಏನೂ ಮಾಡಿರದಿದ್ದರೂ ಅಂಜಿಕೆ.

ಹೀಗಿರುವಾಗ ಒಂದು ದಿನ ವಾಡಿ ಸ್ಟೇಷನ್ನಿನ ಹೊರಗೆ, ರಸ್ತೆಯ ಮೇಲೆ ಚಾದರ ಹಾಸಿ ಬಟ್ಟೆ ಮಾರುತ್ತಿದ್ದವನ ಹತ್ತಿರ ಒಂದು ಜಾಕೀಟು ಕಂಡಿತು. ಹಸಿರು, ಕಂದು, ಕಪ್ಪು ಬಣ್ಣಗಳನ್ನು ಕಲಸಿ ಎರಚಿದಂಥ ಮಿಲಿಟರಿ ಬಟ್ಟೆ. ಅದೇ ಬಣ್ಣದ ಟೋಪಿಯಿತ್ತು, ಹೆಗಲಿಗೆ ಹಾಕುವ ಚೀಲವಿತ್ತು. "ಇದನ್ನ ಹಾಕ್ಕೊಂಡು ಗಿಡದಾಗ ನಿಂತ್ರ ದುಶ್ಮನಗ ಕಾಣಂಗಿಲ್ಲ ಸಾಬ್" ಎಂದು ಮಾರುವವನು ಹೇಳಿದ. ನನ್ನ ದುಶ್ಮನರೆಲ್ಲ ನಾಲ್ಕು ಕಾಲಿನವರು. ಅವರಿಗೆ ಕಾಣದಿದ್ದರೆ ಸಾಕಲ್ಲ ಎಂದು ಮೂರನ್ನೂ ಕೊಂಡುಬಿಟ್ಟೆ.

ಆ ಬಣ್ಣದಿಂದ ಏನಾದರೂ ಉಪಯೋಗವಾಯಿತೇ ಎಂದು ಈಗಲೂ ಕೆಲವರು ಕೇಳುತ್ತಾರೆ. ಆದದ್ದನ್ನು ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ.

ದಂಡೋತಿಯ ಎಮ್ಮೆ

ಮಳೆಗಾಲಕ್ಕೆ ಮೊದಲು ದನಗಳಿಗೆ ಗಂಟಲುಬೇನೆಯ ಸೂಜಿ ಹಾಕಬೇಕು. ದಂಡೋತಿಯಲ್ಲಿ ಒಬ್ಬ ಮುದುಕಿಯ ಹತ್ತಿರ ಒಂದು ಎಮ್ಮೆ ಇತ್ತು. ಅದಕ್ಕೆ ನನ್ನ ಖಾಕಿ ಅಂಗಿಯ ಗುರುತು ಎಷ್ಟು ಪಕ್ಕಾ ಆಗಿತ್ತೆಂದರೆ, ನಾನು ಓಣಿಯ ತಿರುವಿನಲ್ಲಿ ಕಂಡರೆ ಸಾಕು, ಗೂಟ ಕಿತ್ತುಕೊಂಡು ಕಾಗಿಣಾ ಹೊಳೆಗೆ ಓಡುತ್ತಿತ್ತು. ಒಂದು ವರ್ಷ ಅದು ನೀರಿನಲ್ಲಿ ಮೂಗು ಮಾತ್ರ ಮೇಲಿಟ್ಟು ಕುಳಿತಿತ್ತು, ನಾನು ಸಂಜೆಯವರೆಗೆ ದಂಡೆಯ ಮೇಲೆ ಸೂಜಿ ಹಿಡಿದು ನಿಂತಿದ್ದೆ.

ಮರುವರ್ಷ ಜಾಕೀಟು, ಟೋಪಿ ಹಾಕಿಕೊಂಡು ಹೋದೆ. ಮೊಪೆಡ್ಡನ್ನು ಊರ ಹೊರಗೇ ಬಿಟ್ಟೆ. ಜಾಲಿಕಂಟಿಯ ಮರೆಯಲ್ಲಿ ಬಗ್ಗಿಕೊಂಡು, ಮುದುಕಿಯ ಹಿತ್ತಲಿನ ಬಣವೆಯ ಹಿಂದೆ ಸೇರಿದೆ. ಎಮ್ಮೆ ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿತ್ತು. ಇನ್ನು ಐದು ಹೆಜ್ಜೆ ಉಳಿದಿದ್ದಾಗ ಅದು ತಲೆ ತಿರುಗಿಸಿ ನನ್ನನ್ನೇ ನೋಡಿತು. ಅಲುಗಾಡದೆ ನಿಂತರೆ ಕಾಣುವುದಿಲ್ಲ ಎಂದುಕೊಂಡು ನಾನು ಉಸಿರು ಬಿಗಿಹಿಡಿದು ಕಂಬದಂತೆ ನಿಂತೆ. ಅದು ನೋಡುತ್ತಲೇ ಇತ್ತು. ಆಮೇಲೆ ಮೂಗಿನಿಂದ ಒಂದು ಸಪ್ಪಳ ಮಾಡಿ, ಗೂಟದ ಸಮೇತ ಹೊಳೆಯ ಹಾದಿ ಹಿಡಿಯಿತು. ಅದರ ಹಿಂದೆಯೇ ಹಿತ್ತಲಿನಲ್ಲಿ ಕೊಡವೊಂದು ಉರುಳಿದ ಸದ್ದಾಯಿತು, ಯಾರೋ ಚೀರಿಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ಮುದುಕಿ ಪಕ್ಕದ ಮನೆಯಿಂದ ಏದುಸಿರು ಬಿಡುತ್ತ ಬಂದಳು. ನಾನು ಟೋಪಿ ತೆಗೆದ ಮೇಲೆ ಗುರುತು ಹಿಡಿದು, ಕಟ್ಟೆಯ ಮೇಲೆ ಕುಳಿತು ಸುಧಾರಿಸಿಕೊಂಡಳು.

"ಡಾಕ್ಟರ್ ಸಾಬ್ರ, ಹೋದ ವರ್ಷ ನಿಮ್ಮನ್ನ ನೋಡಿ ನಮ್ಮ ಎಮ್ಮಿ ಒಂದೇ ಓಡಿತ್ತು. ಈ ವರ್ಷ ನಾನೂ ಓಡೀನಿ ನೋಡ್ರಿ."

ಸೀತಾಫಲದ ಗಿಡ

ಶಹಾಬಾದ ಕಡೆ ನನಗೆ ಕೆಲಸವಿದ್ದಾಗ ಭಂಕೂರದಿಂದ ಕರೆ ಬಂತು. ಕಲ್ಲಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಸಾಗಿಸುವ ಬಂಡಿಯ ಎತ್ತಿನ ಗೊರಸಿಗೆ ಗಾಯವಾಗಿತ್ತು. ಹೋಗಿ ತೊಳೆದು ಪಟ್ಟಿ ಕಟ್ಟಿದೆ. ಅಷ್ಟರಲ್ಲಿ ಮಧ್ಯಾಹ್ನವಾಯಿತು. ಸಣ್ಣಗೆ ಮಳೆ ಹನಿಯುತ್ತಿದ್ದುದರಿಂದ ಜಾಕೀಟು ಮೈಮೇಲೇ ಇತ್ತು. ಖಣಿಯ ಅಂಚಿನಲ್ಲಿ ಸೀತಾಫಲದ ಗಿಡಗಳು ಸಾಲಾಗಿ ಬೆಳೆದಿದ್ದವು. ಅವುಗಳ ನಡುವೆ ಕುಳಿತು ರೊಟ್ಟಿ ಡಬ್ಬಿ ಬಿಚ್ಚಿದೆ.

ಕೆಂಪು ಬಾವುಟ ಹಿಡಿದ ಒಬ್ಬ ಮನುಷ್ಯ ಅತ್ತಿತ್ತ ನೋಡುತ್ತ ಎರಡು ಸಲ ನನ್ನ ಮುಂದಿನಿಂದಲೇ ಹೋದ. ನಾನು ಕೈ ಎತ್ತಿ ನಮಸ್ಕಾರ ಮಾಡಿದರೂ ತಿರುಗಿ ನೋಡಲಿಲ್ಲ. ಸೊಕ್ಕಿನ ಮನುಷ್ಯ ಎಂದುಕೊಂಡೆ. ಆಮೇಲೆ ಸೀಟಿ ಕೇಳಿತು. ಕೆಲಸದವರೆಲ್ಲ ಗುಡ್ಡೆಗಳ ಹಿಂದೆ ಸರಿದರು. ಊಟದ ಸೀಟಿ ಇರಬೇಕು, ಎಲ್ಲರೂ ಉಣ್ಣಲು ಹೊರಟರು ಎಂದು ನಾನೂ ಎರಡನೆಯ ರೊಟ್ಟಿ ಮುರಿದೆ.

ಆಗ ಭೂಮಿ ಎದ್ದು ಕುಳಿತಂತಾಯಿತು. ಮದ್ದು ಹಾರಿಸಿದ್ದರು. ಮುಷ್ಟಿ ಗಾತ್ರದ ಕಲ್ಲುಗಳು ನನ್ನ ಸುತ್ತ ಬೀಳತೊಡಗಿದವು. ಒಂದು ನನ್ನ ಡಬ್ಬಿಯ ಮೇಲೇ ಬಿದ್ದು ಅದನ್ನು ತಟ್ಟೆ ಮಾಡಿತು. ಬಾಯಲ್ಲಿ ರೊಟ್ಟಿ ಇದ್ದಂತೆಯೇ ತೆವಳಿ, ನಿಂತಿದ್ದ ಬಂಡಿಯ ಕೆಳಗೆ ಸೇರಿ ಗಾಲಿ ತಬ್ಬಿಕೊಂಡೆ. ದೇವರ ಸಾವಿರ ಹೆಸರು ಬಾಲ್ಯದಲ್ಲೇ ಬಾಯಿಪಾಠ ಆಗಿತ್ತು. ಆ ಹೊತ್ತಿಗೆ ನೆನಪಾದವು ನಾಲ್ಕು. ಅವನ್ನೇ ತಿರುಗಿಸಿ ಮುರುಗಿಸಿ ಹೇಳಿದೆ.

ಧೂಳು ಇಳಿದ ಮೇಲೆ ಬಾವುಟದವನು ಬಂಡಿಯ ಕೆಳಗೆ ನನ್ನನ್ನು ಕಂಡ. ಬಾವುಟ ಕೈಬಿಟ್ಟು ಅಲ್ಲೇ ಕುಳಿತುಬಿಟ್ಟ. ಒಬ್ಬರಿಗೊಬ್ಬರು ನೀರು ಕುಡಿಸಿದೆವು. ಸರಿಯಾಗಿ ನೋಡಲಿಲ್ಲವೇನಪ್ಪಾ ಎಂದು ಕೇಳಿದೆ.

"ಎರಡು ಸಲ ನೋಡೀನ್ರಿ ಸಾಬ್ರ. ಸೀತಾಫಲದ ಗಿಡ ಅಂತ ತಿಳಕೊಂಡೆ. ಗಿಡ ರೊಟ್ಟಿ ಮುರೀಲಿಕತ್ತದಲ್ಲ ಅಂತ ಅನುಮಾನ ಬಂತು ಖರೇ, ಆದ್ರ ಅಷ್ಟೊತ್ತಿಗೆ ಸೀಟಿ ಊದಿಬಿಟ್ಟಿದ್ದೆ."

ವಾಡಿಯ ಪ್ಲಾಟ್‌ಫಾರ್ಮು

ಇದು ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ವಾರಸುದಾರರಿಲ್ಲದ ಸಾಮಾನು ಕಂಡರೆ ಮುಟ್ಟಬೇಡಿ ಎಂದು ಸ್ಟೇಷನ್ನುಗಳಲ್ಲಿ ಕೂಗಿ ಹೇಳುತ್ತಿದ್ದ ಕಾಲ. ವಾಡಿಯಲ್ಲಿ ಗಾಡಿಗೆ ಕಾಯುತ್ತಿದ್ದೆ. ಚಹಾದ ಅಂಗಡಿಯ ಮುಂದೆ ನಿಂತಿದ್ದಾಗ ಹಿಂದಿನಿಂದ ಗದ್ದಲ ಕೇಳಿತು. ಬೆಂಚಿನ ಮೇಲೆ ಮಿಲಿಟರಿ ಬಣ್ಣದ ಚೀಲವಿದೆ, ಅದರ ಒಳಗಿನಿಂದ ವಾಯರು ಹೊರಬಂದಿದೆ ಎಂದು ಯಾರೋ ಕೂಗಿದರು. ಹಸಿರು ಹೊಲದಲ್ಲಿ ಕಾಣದ ಬಣ್ಣ, ಬೂದುಬಣ್ಣದ ಫರಸಿಯ ಬೆಂಚಿನ ಮೇಲೆ ಊರಿಗೆಲ್ಲ ಕಾಣುತ್ತಿತ್ತು.

ಜನ ಓಡಿದರು. ಎಲ್ಲರಿಗಿಂತ ಮುಂದೆ ಓಡಿದವನು ನಾನು. ಸೇತುವೆಯ ಮೆಟ್ಟಿಲು ಹತ್ತಿ, ಆ ಕಡೆ ಇಳಿದು, ಉಸಿರು ತೆಗೆದುಕೊಳ್ಳಲು ನಿಂತಾಗ ಹೆಗಲು ಹಗುರಾಗಿದೆ ಅನ್ನಿಸಿತು. ಮುಟ್ಟಿ ನೋಡಿಕೊಂಡೆ. ಚೀಲವಿಲ್ಲ.

ತಿರುಗಿ ಹೋಗುವುದಕ್ಕೆ ಓಡಿ ಬಂದದ್ದಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು. ರೈಲ್ವೆ ಪೊಲೀಸನೊಬ್ಬ ದೂರದಲ್ಲಿ ನಿಂತು, ಯಾರದಿದು ಎಂದು ಗದರುತ್ತಿದ್ದ. ನನ್ನದು ಎಂದು ಒಪ್ಪಿಕೊಂಡೆ. ನೀನೇ ಬಿಚ್ಚು ಎಂದ. ಬಿಚ್ಚಿದೆ. ವಾಯರು ಅಂದದ್ದು ಹಸುವಿನ ಹೊಟ್ಟೆಗೆ ಔಷಧ ಬಿಡುವ ರಬ್ಬರಿನ ನಳಿಗೆ. ಅದರ ಕೆಳಗೆ ಹೆಗಲಿನವರೆಗೆ ಬರುವ ಕೈಗವಸೊಂದಿತ್ತು. ಇದನ್ನು ಎಲ್ಲಿ ಹಾಕುತ್ತೀ ಎಂದು ಕೇಳಿದ. ದನದ ಬಾಲ ಎತ್ತಿ ಎಲ್ಲಿ ಹಾಕುತ್ತೇನೆಂದು ಹೇಳಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, "ಬಾಂಬ್ ಇದ್ರ ಚಲೋ ಇತ್ತಲೋ ಮಾರಾಯ" ಎಂದ.

ಚಿಂಚೋಳಿಯ ಬಾಗಿಲುಗಳು

ಚಿಂಚೋಳಿ ತಾಲ್ಲೂಕಿನ ಕಾಡಿನ ಅಂಚಿನ ಹಳ್ಳಿಗಳಲ್ಲಿ ಆಗ ಒಂದು ಅಂಜಿಕೆ ಹರಡಿತ್ತು. ರಾಜ್ಯದ ಗಡಿಯಾಚೆಯ ಕಾಡಿನಿಂದ ಬಂದೂಕಿನವರು ಬರುತ್ತಾರೆ, ಅವರನ್ನು ಹುಡುಕಿಕೊಂಡು ಪೊಲೀಸರು ಬರುತ್ತಾರೆ ಎಂಬ ಸುದ್ದಿ. ಯಾರು ಬಂದರೂ ಪ್ರಶ್ನೆ ಕೇಳುವುದು ಊರವರನ್ನೇ.

ಅಂಥ ಒಂದು ಊರಿಗೆ ನಾನು ಮಳೆಯಲ್ಲಿ ಜಾಕೀಟು, ಟೋಪಿ, ಚೀಲದ ಸಮೇತ ಹೋದೆ. ಹಾದಿಯುದ್ದಕ್ಕೂ ನನಗೂ ಅದೇ ಚಿಂತೆ. ಪೊಲೀಸರು ಕಂಡರೆ ಕಾಡಿನವನು ಅಂದಾರು, ಕಾಡಿನವರು ಕಂಡರೆ ಪೊಲೀಸ ಅಂದಾರು. ಜಾಕೀಟು ತೆಗೆದರೆ ನೆಗಡಿ, ಹಾಕಿದರೆ ಗುಂಡು. ಊರೊಳಗೆ ಕಾಲಿಟ್ಟೆ, ಮೊದಲ ಮನೆಯ ಬಾಗಿಲು ಮುಚ್ಚಿತು. ಆಮೇಲೆ ಎರಡನೆಯದು. ನಾನು ನಡೆದಂತೆ ಎರಡೂ ಕಡೆ ಬಾಗಿಲುಗಳು ಮುಚ್ಚುತ್ತ ಹೋದವು. ಇಷ್ಟು ಸಪ್ಪಳವಿಲ್ಲದ ಊರನ್ನು ನಾನು ಕಂಡಿರಲಿಲ್ಲ. ಕೋಳಿಯೂ ಕೂಗಲಿಲ್ಲ.

ಕಟ್ಟೆಯ ಹತ್ತಿರ ಒಬ್ಬ ಹಿರಿಯ ಕೈಮುಗಿದು ನಿಂತಿದ್ದ. ನಾನು ಬಾಯಿ ತೆರೆಯುವ ಮೊದಲೇ, ನಮ್ಮೂರಿಗೆ ಯಾರೂ ಬಂದಿಲ್ಲ, ನಾವು ಯಾರಿಗೂ ಅನ್ನ ಹಾಕಿಲ್ಲ, ನಮಗೆ ಏನೂ ಗೊತ್ತಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದ. ನಾನು ದನದ ಡಾಕ್ಟರ ಎಂದೆ. ಅವನು ನಂಬಲಿಲ್ಲ. ಆದರೆ ಅವನ ಮನೆಯಲ್ಲಿ ಒಂದು ಆಕಳು ಮುಂಜಾನೆಯಿಂದ ಈಯಲಾರದೆ ಬಿದ್ದಿತ್ತು. ಬೇರೆ ಗತಿಯಿಲ್ಲದೆ ಒಳಗೆ ಕರೆದ.

ಕರು ಅಡ್ಡ ತಿರುಗಿತ್ತು. ಜಾಕೀಟು ಬಿಚ್ಚಿ, ತೋಳಿಗೆ ಎಣ್ಣೆ ಸವರಿ ನೆಲಕ್ಕೆ ಮಲಗಿದೆ. ಆಕಳು ಒದ್ದೀತು ಎಂದು ಅದರ ಕಾಲನ್ನು ಹಿರಿಯನ ಕೈಗೆ ಕೊಟ್ಟು, ಬಿಡಬ್ಯಾಡ್ರಿ ಬಿಡಬ್ಯಾಡ್ರಿ ಎನ್ನುತ್ತಲೇ ಕೈ ಒಳಗೆ ಹಾಕಿದೆ. ಒಂದು ತಾಸು ಹೆಣಗಾಡಿದ ಮೇಲೆ ಕರುವಿನ ಮುಂಗಾಲು ಸಿಕ್ಕಿತು. ಕರು ಹೊರಬಂದು ಸೀನಿತು. ಆಗ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಹಿರಿಯ ನನ್ನ ಕೈಗೆ ಬಿಸಿನೀರು ಹಾಕುತ್ತ ನಿಧಾನವಾಗಿ ಹೇಳಿದ:

"ಪೊಲೀಸರು ಬಂದ್ರೂ ನಾವೇ ಅಂಜ್ತೀವ್ರಿ, ಕಾಡಿನವ್ರು ಬಂದ್ರೂ ನಾವೇ ಅಂಜ್ತೀವಿ. ಮಿಲಿಟರಿ ಅಂಗಿ ಹಾಕ್ಕೊಂಡು ತಾವೇ ಅಂಜ್ಕೋತ ಬಂದವ್ರನ್ನ ಇವತ್ತೇ ನೋಡೀನಿ."

ತೊಗರಿ ಹೊಲ

ಕೊನೆಯದು ನಮ್ಮ ಸೇಡಂ ಹತ್ತಿರದ್ದೇ. ಊರಿಂದ ಸ್ವಲ್ಪ ದೂರ, ಹೊಲದಲ್ಲೇ ಮನೆ ಮಾಡಿಕೊಂಡಿದ್ದ ಒಬ್ಬ ರೈತ ಹೇಳಿಕಳಿಸಿದ್ದ: ಹೋರಿಗೆ ಆರಾಮಿಲ್ಲ, ಬೇಗ ಬರ್ರಿ. ಏನಾಗಿದೆ ಎಂದು ಹೇಳಿಕಳಿಸಿರಲಿಲ್ಲ. ಚಳಿಯ ಮುಂಜಾನೆ. ಜಾಕೀಟು ಹಾಕಿಕೊಂಡು ಮೊಪೆಡ್ ಹತ್ತಿದೆ. ತೊಗರಿ ಆಳೆತ್ತರ ಬೆಳೆದು ನಿಂತಿತ್ತು.

ಮನೆಯ ಮುಂದೆ ಗಾಡಿ ನಿಲ್ಲಿಸಬೇಕು, ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಹಗ್ಗ ಹರಿದ ಸದ್ದು ಕೇಳಿತು. ಹೋರಿ ಹೊರಬಂತು. ನಾನು ನೋಡಿದ ಹೋರಿಗಳಲ್ಲೆಲ್ಲ ದೊಡ್ಡದು. ಹೆಗಲ ಮೇಲಿನ ಇಣಿ ನನ್ನ ತಲೆಯ ಮಟ್ಟಕ್ಕಿತ್ತು. ತಲೆ ತಗ್ಗಿಸಿ ನೇರ ನನ್ನ ಕಡೆಗೇ ಓಡಿ ಬಂತು. ಮೊಪೆಡ್ ಅಲ್ಲೇ ಬಿಟ್ಟು ನಾನು ತೊಗರಿಯೊಳಗೆ ನುಗ್ಗಿದೆ. ನಾಲ್ಕು ಸಾಲು ದಾಟಿ ನೆಲಕ್ಕೆ ಬೋರಲು ಬಿದ್ದೆ.

ಹೋರಿ ಹೊಲದ ಅಂಚಿಗೆ ಬಂದು ನಿಂತಿತು. ಮೂಗು ಎತ್ತಿ ಗಾಳಿ ಮೂಸಿತು. ಕಿವಿಗಳನ್ನು ನನ್ನ ಕಡೆಗೇ ತಿರುಗಿಸಿತು. ಆದರೆ ಒಳಗೆ ಬರಲಿಲ್ಲ. ಜಾಕೀಟು ಇವತ್ತು ಕೆಲಸ ಮಾಡಿತು ಎಂದು ನನಗೆ ಗೊತ್ತಾಯಿತು. ಹಸಿರಿನಲ್ಲಿ ಹಸಿರಾಗಿ ಮಲಗಿದ್ದೆ. ಇರುವೆ ಕುತ್ತಿಗೆಯ ಒಳಗಿಳಿದರೂ ಕೈ ಎತ್ತಲಿಲ್ಲ. ಕೆಮ್ಮು ಬಂದರೆ ನುಂಗಿದೆ. ಮನೆಯವಳ ಮುಖ ಕಣ್ಣ ಮುಂದೆ ಬಂತು. ಬದುಕಿ ಉಳಿದರೆ ಯಾವುದಾದರೂ ಕಚೇರಿಯಲ್ಲಿ ಕಾಗದದ ಕೆಲಸ ಕೇಳಿಕೊಳ್ಳುತ್ತೇನೆ, ಕಾಗದಕ್ಕೆ ಕೋಡಿಲ್ಲ ಎಂದು ದೇವರ ಮುಂದೆ ನಿರ್ಧಾರ ಮಾಡಿದೆ.

ಎಷ್ಟು ಹೊತ್ತಾಯಿತೋ. ಬಿಸಿಲು ಬೆನ್ನಿಗೆ ಬಂದಿತ್ತು. ಹೆಂಡತಿಯ ಸಂಗಡ ಹೊರಗೆ ಹೋಗಿದ್ದ ರೈತ ನಡೆದು ಬಂದ. ಮೊಪೆಡ್ ಬಿದ್ದಿರುವುದನ್ನು, ಡಾಕ್ಟರ ಇಲ್ಲದಿರುವುದನ್ನು ನೋಡಿ ಗಾಬರಿಯಾದ. ಅವನು, ಅವನ ಹೆಂಡತಿ ಇಬ್ಬರೂ ಬಾವಿಯಲ್ಲಿ ಇಣುಕಿದರು, ಬಣವೆಯ ಹಿಂದೆ ನೋಡಿದರು, ಎರಡು ಸಲ ನನ್ನ ಸಾಲಿನ ಪಕ್ಕದಲ್ಲೇ ಕೂಗುತ್ತ ಹೋದರು. ಹೋರಿ ಕೇಳಿಸಿಕೊಂಡೀತು ಎಂದು ನಾನು ಓ ಅನ್ನಲಿಲ್ಲ. ಮೂರನೆಯ ಸಲ ಅವನು ನನ್ನ ಕೈ ತುಳಿದ. ಆಗ ಅನ್ನಲೇಬೇಕಾಯಿತು.

ಅವನು ಬಗ್ಗಿ ನೋಡಿ, ಹಿಂಗ್ಯಾಕ ಮಲಗೀರಿ ಎಂದು ಕೇಳಿದ. ನಾನು ಅವನ ಧೋತರ ಹಿಡಿದು ಪಿಸುಗುಟ್ಟಿದೆ:

"ಮೊದಲ ಹೋರಿ ಕಟ್ರಿ. ನಾ ಕಣ್ಣಿಗೆ ಬಿದ್ರ ಅದು ನನ್ನ ಬಿಡಂಗಿಲ್ಲ."

ಅವನು ಹೋರಿಯ ಕಡೆ ನೋಡಿದ, ನನ್ನ ಜಾಕೀಟಿನ ಕಡೆ ನೋಡಿದ.

"ನನ್ನ ಗಾಡಿನೂ ನಿಮ್ಮ ಗಾಡಿಯಂಗೇ ಸಪ್ಪಳ ಮಾಡ್ತದ್ರಿ. ಹಿಂಡಿ ತಂದೀನಿ ಅಂತ ತಿಳಕೊಂಡು ಓಡಿ ಬಂದದ. ಇನ್ನ ಕಣ್ಣಿಗೆ ಬೀಳೋ ಮಾತು ಎಲ್ಲಿಂದ ಬಂತು ಸಾಬ್ರ? ಅದರ ಎರಡೂ ಕಣ್ಣು ಕಾಣವಲ್ಲವು ಅಂತನೇ ನಿಮ್ಮನ್ನ ಕರಸೀನಿ."