ಕುಬಸಕ್ಕೆ ಎರಡು ಗಾಡಿ

ಹೊಸಪೇಟೆಯ ಲಾರಿ ಆಫೀಸೊಂದರಲ್ಲಿ ಕೂತು ಹದಿನೆಂಟು ವರ್ಷದಿಂದ ಸಂಡೂರಿನ ಅದಿರು ಲಾರಿಗಳನ್ನು ಓಡಿಸುತ್ತಿದ್ದ ದುರುಗೇಶನಿಗೆ, ಸಾಗಾಣಿಕೆ ಎಂಬ ವಿದ್ಯೆ ತನ್ನಿಂದಲೇ ಹುಟ್ಟಿ ತನ್ನಲ್ಲೇ ಮುಗಿಯುತ್ತದೆ ಎಂಬ ನಂಬಿಕೆಯಿತ್ತು. ಓಡಿಸುವುದೆಂದರೆ ಸ್ಟೇರಿಂಗ್ ಹಿಡಿದಲ್ಲ. ಕುರ್ಚಿಯಲ್ಲಿ ಒರಗಿ, ಫೋನಿನಲ್ಲಿ ಬೈದು. ಇಂಥ ಮಹಾಪುರುಷನ ಮನೆಯಲ್ಲೇ, ಅವನ ಹೆಂಡತಿಯೇ, ಸರಕು ಸಾಗಣೆಯನ್ನೂ ಕಲಿಸುವ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಓದಲು ಹೊರಟಳು.

ಗಾಯತ್ರಿ ಕಬ್ಬಿಣದ ಸರಳು ಮಾರುವ ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದಳು. ಅವಳು ದೂರಶಿಕ್ಷಣದ ಎಂಬಿಎಗೆ ಸೇರಿ ಭಾನುವಾರದ ಕ್ಲಾಸಿಗೆ ಹೋಗತೊಡಗಿದಾಗ ದುರುಗೇಶ ನಕ್ಕಿದ್ದ. ಸರಕು ಸಾಗಣೆಯ ಪೇಪರಿನಲ್ಲಿ ಅವಳಿಗೆ ಎಂಬತ್ತೊಂದು ಅಂಕ ಬಂದ ದಿನ ಆ ನಗು ಗಂಟಲಲ್ಲೇ ಸಿಕ್ಕಿಕೊಂಡಿತು. ಕಂಪ್ಲಿಯಲ್ಲಿದ್ದ ಅವನ ಅತ್ತೆ ಭರಮಮ್ಮ, ಮಗಳು ಆಪರೇಷನ್ ಕಲಿಯುತ್ತಿದ್ದಾಳೆಂದು ಓಣಿಗೆಲ್ಲ ಸಾರಿದ್ದಳು. ಗಾಯತ್ರಿ ತವರಿಗೆ ಹೋದಾಗ ಇಬ್ಬರು ಮುದುಕಿಯರು ಮೊಣಕಾಲು ತೋರಿಸಲು ಬಂದರು. ಹದಿನೆಂಟು ವರ್ಷದಲ್ಲಿ ದುರುಗೇಶನಿಗೆ ಯಾರೂ ಮೊಣಕಾಲು ತೋರಿಸಿರಲಿಲ್ಲ. ಅದಕ್ಕೂ ಅವನಿಗೆ ಹೊಟ್ಟೆ ಉರಿಯಿತು.

ಆ ಉರಿಗೆ ತುಪ್ಪ ಸುರಿದವನು ಲಿಂಗರಾಜ್, ಅವಳ ಜೊತೆ ಓದುವವನು. ದುರುಗೇಶ ಅವನ ಮುಖ ಕಂಡಿರಲಿಲ್ಲ. ಆದರೆ ಊಟಕ್ಕೆ ಕೂತಾಗಲೆಲ್ಲ ತುತ್ತಿನ ಜೊತೆ ಅವನ ಹೆಸರನ್ನೂ ನುಂಗಬೇಕಾಗುತ್ತಿತ್ತು. ಲಿಂಗರಾಜ್ ನೋಟ್ಸ್ ಕಳಿಸಿದ್ದನಂತೆ, ಲಿಂಗರಾಜ್ ಕಷ್ಟದ ಲೆಕ್ಕ ಬಿಡಿಸಿದನಂತೆ. ಒಂದು ದಿನ ಸಾರಿಗೆ ಉಪ್ಪು ಕಡಿಮೆಯಾದಾಗ, ಇದನ್ನೂ ಅವನನ್ನೇ ಕೇಳು ಎಂದುಬಿಟ್ಟ ದುರುಗೇಶ. ಗಾಯತ್ರಿ ಉಪ್ಪಿನ ಡಬ್ಬಿಯನ್ನು ಅವನ ಮುಂದಿಟ್ಟು ಓದಿಕೊಳ್ಳಲು ಹೋದಳು.

ಮರುದಿನ ಅವಳು ಸ್ನಾನಕ್ಕೆ ಹೋದಾಗ ದುರುಗೇಶ ಕದ್ದು ಅವಳ ಪುಸ್ತಕ ತೆರೆದ. ಸರಕು ಬೇಕಾದ ಹೊತ್ತಿಗೆ ಸರಿಯಾಗಿ ಬರಬೇಕು, ಮೊದಲೇ ಬಂದು ಬಿದ್ದಿರಬಾರದು ಎಂದು ಒಂದು ಪುಟದಲ್ಲಿತ್ತು. ಇಷ್ಟಕ್ಕೆ ಎಂಬತ್ತೊಂದು ಅಂಕವೇ ಅನ್ನಿಸಿತು. ಇದರ ಅಪಾಯಗಳು ಮುಂದಿನ ಪುಟದಲ್ಲಿದ್ದವು. ಅಷ್ಟರಲ್ಲಿ ಬಚ್ಚಲ ಬಾಗಿಲ ಚಿಲಕ ಸದ್ದಾಯಿತು.

ಆ ತಿಂಗಳಲ್ಲೇ ಅವನ ನಾದಿನಿ ಸುಷ್ಮಿತಾಳ ಕುಬಸ ಬಂತು. ಚೊಚ್ಚಲ ಬಸುರಿ. ಕಂಪ್ಲಿಯ ತವರುಮನೆಯಲ್ಲಿ ಶುಕ್ರವಾರ ರಾಹುಕಾಲ ಕಳೆದ ಮೇಲೆ, ಹನ್ನೆರಡರಿಂದ ಒಂದರೊಳಗೆ, ಅವಳಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಬೇಕಿತ್ತು. ಗಾಡಿಗಳ ವ್ಯವಸ್ಥೆಯನ್ನು ಗಾಯತ್ರಿಯೇ ಮಾಡಲೆಂದು ಅತ್ತೆ ಅಂದದ್ದೇ ತಡ, ದುರುಗೇಶ ಎದೆ ಮುಂದೆ ಮಾಡಿದ.

“ನೀ ಪರೀಕ್ಷಾಕ್ಕ ಓದ್ಕೋ. ಗಾಡಿ ಹೆಂಗ ಹೊಂದಸ್ತಾರ ಅನ್ನೋದ್ನ ನಾ ತೋರಸ್ತೀನಿ.”

“ಆತ್ರಿ. ಪ್ಲ್ಯಾನ್ ಒಮ್ಮೆ ನಾನೂ ನೋಡ್ಲೇನು?”

“ಯಾಕ, ಲಿಂಗರಾಜಗ ತೋರ್ಸಾಕೇನು?”

ಗಾಯತ್ರಿ ಪುಸ್ತಕಕ್ಕೆ ಮರಳಿದಳು.

ಗಾಡಿಗಳು ಎರಡೇ. ಒಂದು, ಹೊಸಪೇಟೆಯಿಂದ ಹೊರಡುವ ಅಂಜಿನೇಯನ ಟೆಂಪೋ. ಅದರಲ್ಲಿ ಮುನ್ನೂರು ರೊಟ್ಟಿ, ಶೇಂಗಾ ಹೋಳಿಗೆ, ಪಲ್ಯಗಳು, ಜೊತೆಗೆ ಸೀರೆ ಬಳೆಗಳ ಚೀಲ. ಇನ್ನೊಂದು, ಬಂಡ್ರಿಯಿಂದ ಒಂಬತ್ತು ಮುತ್ತೈದೆಯರನ್ನು ಕರೆತರುವ ಕ್ರೂಸರ್. ಅವರ ಮುಂದಾಳು ಗಾಯತ್ರಿಯ ಸೋದರತ್ತೆ ದುರ್ಗಕ್ಕ. ಸೋಮವಾರ ದುರುಗೇಶ ಯೋಚಿಸಿದ: ಈ ಹೆಂಗಸರು ಊಟಕ್ಕಿಂತ ಮೊದಲೇ ಬಂದರೆ ಮನೆ ಮಂದಿಗೆ ಮುಜುಗರ. ಅದಕ್ಕೆ ಕ್ರೂಸರಿನವನಿಗೆ ಚೀಟಿ ಬರೆದ. ದಾರಿಯಲ್ಲಿ ಕಮಲಾಪುರದ ಕೆರೆಯ ಬಳಿ ನಿಲ್ಲಬೇಕು, ಊಟದ ಟೆಂಪೋ ದಾಟಿ ಹೋದ ಮೇಲೆಯೇ ಹೊರಡಬೇಕು. ಬುಧವಾರ ಇನ್ನೊಂದು ಯೋಚಿಸಿದ: ಊಟ ಮೊದಲೇ ಬಂದರೆ ಹೋಳಿಗೆ ಆರಿ ಹೋಗುತ್ತದೆ. ಅದಕ್ಕೆ ಅಂಜಿನೇಯನಿಗೆ ಚೀಟಿ ಬರೆದ. ಹೆಂಗಸರು ಕಂಪ್ಲಿ ಮುಟ್ಟಿದರೆಂದು ತಾನು ಫೋನ್ ಮಾಡಿದ ಮೇಲೆಯೇ ಹೊಸಪೇಟೆ ಬಿಡಬೇಕು. ಡ್ರೈವರುಗಳು ತಮ್ಮತಮ್ಮಲ್ಲಿ ಫೋನ್ ಮಾಡಿಕೊಂಡು ತಲೆ ಓಡಿಸಕೂಡದು ಎಂದು ಇಬ್ಬರಿಗೂ ತಾಕೀತು ಮಾಡಿದ.

ಶುಕ್ರವಾರ ಬಿಳಿ ಅಂಗಿ ತೊಟ್ಟು ಬೆಳಿಗ್ಗೆಯೇ ಕಂಪ್ಲಿಯ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. ಹತ್ತೂವರೆಗೆ ಕ್ರೂಸರಿನವನು ಕೆರೆಯ ಬಳಿ ನಿಂತಿದ್ದೇನೆ ಎಂದ. ಮಸ್ತ್ ಎಂದ ದುರುಗೇಶ. ಅಂಜಿನೇಯನೂ ಎಲ್ಲ ಏರಿಸಿಕೊಂಡು ತಯಾರಾಗಿದ್ದೇನೆ ಎಂದ. ಅವನಿಗೂ ಮಸ್ತ್ ಎಂದ. ಹನ್ನೊಂದೂವರೆಗೆ ಕೇಳಿದಾಗಲೂ ಇಬ್ಬರೂ ಒಂದಿಂಚು ಕದಲಿರಲಿಲ್ಲ. ಹೇಳಿದ ಮಾತು ಮೀರದ ಇಂಥ ಡ್ರೈವರುಗಳು ತನ್ನ ಆಫೀಸಿನಲ್ಲಿ ಇಲ್ಲವಲ್ಲ ಎಂದು ದುರುಗೇಶ ಕೊರಗಿದ.

ಹನ್ನೆರಡು ಹೊಡೆಯಿತು. ಸುಷ್ಮಿತಾ ಹಳೇ ಸೀರೆಯಲ್ಲೇ ಮಣೆಯ ಮೇಲೆ ಕೂತಿದ್ದಳು. ಅವಳ ಗಂಡನ ಮನೆಯವರು ಬಾಗಿಲ ಕಡೆಗೊಮ್ಮೆ, ಗಡಿಯಾರದ ಕಡೆಗೊಮ್ಮೆ ನೋಡುತ್ತಿದ್ದರು. ಗಾಯತ್ರಿ ಹೊರಗೆ ಬಂದು ಕೈ ಚಾಚಿದಳು. ದುರುಗೇಶ ಜೇಬಿನಿಂದ ಎರಡೂ ಚೀಟಿಗಳ ನಕಲು ತೆಗೆದುಕೊಟ್ಟ. ಅವಳು ಒಂದನ್ನು ಓದಿದಳು, ಇನ್ನೊಂದನ್ನು ಓದಿದಳು, ಮತ್ತೆ ಮೊದಲನೆಯದಕ್ಕೆ ಬಂದಳು.

“ಊಟ ಬಂದ ಮ್ಯಾಲೆ ಮಂದಿ ಬರಬೇಕು. ಮಂದಿ ಬಂದ ಮ್ಯಾಲೆ ಊಟ ಬರಬೇಕು. ಹೌದೇನ್ರಿ?”

“ಹೌದು,” ಅಂದ ದುರುಗೇಶ. ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿಂತಲ್ಲೇ ಇಬ್ಬರು ಡ್ರೈವರುಗಳಿಗೂ ಫೋನ್ ಹಚ್ಚಿ ಹೊರಡಲು ಹೇಳಿದಳು. ಕ್ರೂಸರ್ ಹತ್ತಿರದಲ್ಲಿತ್ತು, ಬಂದುಬಿಡುತ್ತಿತ್ತು. ಆದರೆ ತುಂಬಿದ ಟೆಂಪೋ ಆ ರಸ್ತೆಯಲ್ಲಿ ಒಂದರೊಳಗೆ ಮುಟ್ಟುವಂತಿರಲಿಲ್ಲ. ಸೀರೆ ಬಳೆ ಅದರಲ್ಲೇ ಇದ್ದವು. ಹೊಸಪೇಟೆಯಿಂದ ಯಾರಾದರೂ ಬೈಕಿನಲ್ಲಿ ಟೆಂಪೋ ಹಿಡಿದು ಆ ಚೀಲ ತಂದರೆ ಮಾತ್ರ ಮುಹೂರ್ತ ಉಳಿಯುತ್ತಿತ್ತು.

“ಬೈಕ್ ಮ್ಯಾಲೆ ಜಲ್ದಿ ಬರೋರು ಅಂದ್ರ ಲಿಂಗರಾಜ್ ಒಬ್ಬರ ಅದಾರ,” ಅಂದಳು. “ಫೋನ್ ಮಾಡ್ಲೇನು?”

ದುರುಗೇಶನ ಕೈಕೆಳಗೆ ನಲವತ್ತು ಲಾರಿಗಳಿದ್ದವು. ಒಂದರಲ್ಲೂ ಒಂದು ಸೀರೆ ತರಿಸುವಂತಿರಲಿಲ್ಲ. ಒಳಗೆ ಸುಷ್ಮಿತಾ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದು ಕಿಟಕಿಯಿಂದ ಕಂಡಿತು.

“ಮಾಡು,” ಅಂದ. ಅದಿರು ತುಂಬಿದ ಲಾರಿಯನ್ನು ಒಬ್ಬನೇ ನೂಕಿದಷ್ಟು ಸುಸ್ತಾಯಿತು.

ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕ್ರೂಸರ್ ಬಂತು. ದುರ್ಗಕ್ಕ ಸೊಂಟ ಹಿಡಿದುಕೊಂಡು ಇಳಿದು ನೇರವಾಗಿ ದುರುಗೇಶನ ಕುರ್ಚಿಯ ಮುಂದೆ ನಿಂತಳು. “ಅಳಿಯಂದ್ರ, ನಮ್ಮನ್ನ ಕುಬಸಕ್ಕ ಕರ್ದಿದ್ರೋ, ಕೆರಿ ಕಾಯಾಕ ಕರ್ದಿದ್ರೋ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋದಳು. ಉಳಿದ ಎಂಟು ಮಂದಿಯೂ ಅವನನ್ನು ಒಂದೊಂದು ಸಲ ನೋಡಿ ಹೋದರು.

ಒಂದಕ್ಕೆ ಹದಿನೈದು ನಿಮಿಷ ಇರುವಾಗ ಬೈಕು ಬಂತು. ಹೆಲ್ಮೆಟ್ ತೆಗೆದ ಲಿಂಗರಾಜ್ ಎತ್ತರವಾಗಿದ್ದ, ಗುಂಗುರುಗೂದಲಿನವನಾಗಿದ್ದ. ದುರುಗೇಶ ಇಷ್ಟು ದಿನ ಊಹಿಸಿಕೊಂಡು ಸಂಕಟಪಟ್ಟದ್ದಕ್ಕಿಂತಲೂ ಚೆನ್ನಾಗಿದ್ದ.

“ಅಕ್ಕಾ, ಸೀರಿ, ಬಳಿ, ಎಲ್ಲಾ ಅದಾವ ನೋಡ್ರಿ,” ಎಂದು ಚೀಲವನ್ನು ಗಾಯತ್ರಿಯ ಕೈಗಿತ್ತ.

ಅಕ್ಕ ಎಂಬ ಮಾತು ದುರುಗೇಶನ ಎದೆಗೆ ಮಜ್ಜಿಗೆ ಹೊಯ್ದಂತೆ ತಂಪಾಗಿ ಇಳಿಯಿತು. ತಿಂಗಳುಗಟ್ಟಲೆಯ ಉರಿ ಆರಿತು ಅನ್ನುವಷ್ಟರಲ್ಲಿ ಹುಡುಗ ಅವನ ಕಡೆ ತಿರುಗಿದ.

“ಕಾಕಾ, ಕುಡ್ಯಾಕ ನೀರು ಸಿಗ್ತಾವೇನ್ರಿ?”

ಹೆಂಡತಿ ಅಕ್ಕ, ಗಂಡ ಕಾಕಾ. ಕಾಕಾ ಒಳಗೆ ಹೋಗಿ ತಂಬಿಗೆ ತುಂಬಿ ತಂದುಕೊಟ್ಟ.

ಒಂದು ಹೊಡೆಯಲು ಎರಡು ನಿಮಿಷವಿರುವಾಗ ಸುಷ್ಮಿತಾಳ ಉಡಿ ತುಂಬಿತು. ಊಟ ಒಂದೂಮುಕ್ಕಾಲಿಗೆ ಬಂತು. ಹೋಳಿಗೆ ತಣ್ಣಗಿತ್ತು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು.

ಮುಂದೆ ಜೂನ್ ತಿಂಗಳಲ್ಲಿ ಅವನು ಯಾರಿಗೂ ಹೇಳದೆ ಅದೇ ಕೋರ್ಸಿಗೆ ಫೀಸು ಕಟ್ಟಿ ಬಂದ. ಆ ಗುಂಗುರುಗೂದಲಿನವನಿಗೆ ಬಂದ ವಿದ್ಯೆ ತನಗೆ ಬಾರದೇ ಹೋದೀತೇ ಎಂಬ ಛಲ. ಮೊದಲ ವಾರ ಪುಸ್ತಕವನ್ನು ತಲೆದಿಂಬಿನ ಕೆಳಗೆ ಬಚ್ಚಿಟ್ಟು ಓದಿದ. ಎರಡನೆಯ ವಾರ ಮೊದಲನೆಯ ಲೆಕ್ಕದಲ್ಲೇ ಸಿಕ್ಕಿಬಿದ್ದ. ಭಾನುವಾರ ಬೆಳಿಗ್ಗೆ ಗಾಯತ್ರಿ ತನ್ನ ಕೊನೆಯ ಪರೀಕ್ಷೆಗೆ ಓದುತ್ತಿದ್ದಾಗ ನೋಟ್‌ಬುಕ್ ಹಿಡಿದು ಬಾಗಿಲಲ್ಲಿ ನಿಂತು, ಒಮ್ಮೆ ಕೆಮ್ಮಿ, ಇನ್ನೊಮ್ಮೆ ಕೆಮ್ಮಿದ.

“ಈ ಲೆಕ್ಕ ಒಂಚೂರು ಹೇಳಿಕೊಡ್ತೀರೇನ್ರಿ?”

ಮದುವೆಯಾದ ಹನ್ನೆರಡು ವರ್ಷದಲ್ಲಿ ಹೆಂಡತಿಗೆ ಅವನ ಬಾಯಿಂದ ‘ರಿ’ ಬಂದದ್ದು ಅದೇ ಮೊದಲು. ಗಾಯತ್ರಿ ನಗಲಿಲ್ಲ. ಪುಸ್ತಕದಿಂದ ತಲೆಯನ್ನೂ ಎತ್ತಲಿಲ್ಲ. ಪಕ್ಕದ ಕುರ್ಚಿಯನ್ನು ಕಾಲಿನಿಂದ ಇತ್ತ ಸರಿಸಿದಳು.

“ಕುಂದ್ರು,” ಅಂದಳು.