ನಾಲ್ಕೂವರೆ ನಿಮಿಷದ ರೀಮಿಕ್ಸ್

ಬಸವೇಶನ ತೊಂದರೆಯೆಲ್ಲ ಶುರುವಾದದ್ದು ಒಂದು ನೊಣದಿಂದ. ಹೆಡ್‌ಫೋನ್ ಹಾಕಿಕೊಂಡು ಕೂತಿದ್ದವನ ಮೂಗಿನ ಮೇಲೆ ಅದು ಬಂದು ಕೂತಿತು. ಎರಡೂ ಕೈಯಲ್ಲಿ ವೈರುಗಳಿದ್ದವು. ಬೇರೆ ದಾರಿಯಿಲ್ಲದೆ ತಲೆಯನ್ನು ಎರಡು ಸಲ ಕೊಡವಿದ. ಎದುರಿಗೆ ಉಗುರು ಕಚ್ಚುತ್ತ ನಿಂತಿದ್ದ ಉಮೈರ್ ಅದನ್ನು ತಾಳಕ್ಕೆ ತಲೆದೂಗಿದ್ದು ಎಂದುಕೊಂಡ.

“ನಾನೇ ಮಾಡಿದ್ದು. ಇಷ್ಟ ಆಯ್ತಾ ಬಸವೇಶಣ್ಣ?”

“ಹೂಂ, ಚೆನ್ನಾಗೈತೆ.”

“ಹಂಗಲ್ಲ. ಚೆನ್ನಾಗೈತೆ ಅಂತ ಊರೋರೆಲ್ಲ ಹೇಳ್ತಾರೆ. ಕನ್‌ಸ್ಟ್ರಕ್ಟಿವ್ ಫೀಡ್‌ಬ್ಯಾಕ್ ಬೇಕು. ಏನು ಸರಿಯಿಲ್ಲ, ಎಲ್ಲಿ ಸರಿಯಿಲ್ಲ, ಹೆಂಗೆ ಸರಿ ಮಾಡ್ಬೇಕು, ಮೂರೂ ಹೇಳ್ಬೇಕು. ಸಾಯಂಕಾಲ ಅಜ್ಜಂಪುರದ ಪ್ರೋಗ್ರಾಮಲ್ಲಿ ಇದನ್ನ ಹಾಕ್ತೀವಿ.”

ಉಮೈರ್, ತರೀಕೆರೆಯ ಮುನೀರ್ ಸೌಂಡ್ಸ್ ಅಂಡ್ ಲೈಟಿಂಗ್ಸಿನ ಮಾಲೀಕ ಮುನೀರ್ ಪಾಷಾರ ಒಬ್ಬನೇ ಮಗ. ಬಸವೇಶ ಅಲ್ಲಿ ಹದಿನೈದು ದಿನದ ಟ್ರಯಲ್ ಮೇಲೆ ಇದ್ದವನು. ಹಳೆಯ ಆಪರೇಟರ್ ಕೆಲಸ ಬಿಟ್ಟು ಹೋದ ಮೇಲೆ ಮಿಕ್ಸರಿನ ಮುಂದಿನ ಕುರ್ಚಿ ಖಾಲಿ ಬಿದ್ದಿತ್ತು. ಆ ಕುರ್ಚಿಗಾಗಿಯೇ ಬಸವೇಶ ದಿನಾ ಯಗಟಿಯಿಂದ ಮೊದಲನೇ ಬಸ್ಸು ಹಿಡಿದು, ಕಡೂರಿನಲ್ಲಿ ಇನ್ನೊಂದು ಬಸ್ಸಿಗೆ ಬಿದ್ದು, ಸ್ಪೀಕರ್ ಬಾಕ್ಸು ಹೊತ್ತು, ವೈರು ಸುತ್ತಿ, ಕಂಡವರಿಗೆಲ್ಲ ನಗುತ್ತ ಬಂದಿದ್ದ. ಇವತ್ತು ಹದಿನೈದನೇ ದಿನ. ಕುರ್ಚಿ ಸಿಕ್ಕಿದರೆ ಆಪರೇಟರ್. ಸಿಗದಿದ್ದರೆ ಊರಿಗೆ ಹೋಗಿ ಮಾವನ ಕುರಿಗಳ ಹಿಂದೆ ಓಡಾಡುವುದು. ಮಾಲೀಕನ ಮಗನ ಹಾಡಿನಲ್ಲಿ ತಪ್ಪು ಹುಡುಕಲು ಇದಕ್ಕಿಂತ ಕೆಟ್ಟ ದಿನ ಇನ್ನೊಂದಿರಲಿಲ್ಲ.

ಹಾಡು ಅಂದರೆ ಹಾಡೂ ಅಲ್ಲ. ಹಿಂದೆ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕಾರ್ ರೇಸಿನ ವಿಡಿಯೋ ಗೇಮಿನಲ್ಲಿ ಟಿಣಿಟಿಣಿ ಎನ್ನುವ ಒಂದು ರಾಗವಿತ್ತಲ್ಲ, ಅದರ ರೀಮಿಕ್ಸಂತೆ. ಮೊದಲ ಎರಡು ನಿಮಿಷ ಬರೀ ಡಬ್ ಡಬ್. ಆಮೇಲೆ ಒಂದು ಸೈರನ್. ಅದರಾಚೆಗೆ ಏನಿದೆಯೋ ಬಸವೇಶನಿಗೆ ಗೊತ್ತಿರಲಿಲ್ಲ. ನಾಲ್ಕೂವರೆಗೆ ಎದ್ದು ಬಂದವನಿಗೆ ನೊಣ ಹಾರಿಹೋದ ಮೇಲೆ ಜೋಂಪು ಹತ್ತಿತ್ತು.

“ಒಂದು ಟೀ ಕುಡ್ಕೊಂಡು ಬತ್ತೀನಿ. ಬಂದು ಹೇಳ್ತೀನಿ,” ಎಂದು ಎದ್ದ.

ಪಕ್ಕದ್ದೇ ಕಲ್ಲಮ್ಮನ ಹೋಟೆಲು. ಅಲ್ಲಿ ಪೇಪರು ಹರಡಿಕೊಂಡು ಕೂತಿದ್ದ ನಿವೃತ್ತ ಮೇಷ್ಟ್ರು ಓಂಕಾರಮೂರ್ತಿಗೆ ಬಸವೇಶ ತನ್ನ ಕಷ್ಟ ತೋಡಿಕೊಂಡ.

“ಅಷ್ಟೇ ಏನೋ?” ಎಂದರು ಮೇಷ್ಟ್ರು. “ನಮ್ ಸ್ಕೂಲಿಗೆ ಇನ್‌ಸ್ಪೆಕ್ಷನ್ನಿಗೆ ಬರೋರು ಏನ್ ಮಾಡ್ತಿದ್ರು ಗೊತ್ತಾ? ಮೊದ್ಲು ಒಂದು ಹೊಗಳಿಕೆ. ನಡುವೆ ಒಂದು ತಪ್ಪು. ಕೊನೇಲಿ ಇನ್ನೊಂದು ಹೊಗಳಿಕೆ. ಕಹಿ ಮಾತ್ರೆನ ಬಾಳೆಹಣ್ಣಲ್ಲಿಟ್ಟು ನುಂಗಿಸ್ದಂಗೆ.”

“ನಿಮ್ಗೆ ಏನಂತ ಬರೆದಿದ್ರು ಮೇಷ್ಟ್ರೆ?”

“ಅಕ್ಷರ ದುಂಡಗಿದೆ, ಪಾಠ ಅರ್ಥವಾಗುವುದಿಲ್ಲ, ಶಾಲೆಗೆ ಸಮಯಕ್ಕೆ ಬರುತ್ತಾರೆ. ಮೂವತ್ತು ವರ್ಷ ಅದನ್ನೇ ಬರೆದ್ರು.”

ಕಲ್ಲಮ್ಮ ಟೀ ಲೋಟವನ್ನು ಟಕ್ಕನೆ ಕುಕ್ಕಿದಳು. “ಅದ್ಕೇನ್ಲಾ ಹೊಗಳೋದು? ಗೋಡೆ ಆಚೆಯಿಂದ ಎಂಟು ದಿನದಿಂದ ರಾತ್ರಿ ಹೊತ್ತು ಕೇಳ್ತಾ ಇವ್ನಿ. ಹಾಲಿನ ಟ್ಯಾಂಕರ್ ರಿವರ್ಸ್ ತಗಂಡಂಗೈತೆ.”

“ನಂಗೂ ಹಂಗೇ ಅನ್ನಿಸ್ತು ಕಲ್ಲಮ್ಮ,” ಎಂದ ಬಸವೇಶ. ಬೆಳಿಗ್ಗೆಯಿಂದ ಅವನ ಬಾಯಿಂದ ಬಂದ ಮೊದಲ ನಿಜ ಅದು.

ವಾಪಸು ಬಂದು, ಮೇಷ್ಟ್ರು ಹೇಳಿಕೊಟ್ಟ ಹಾಗೆ ಒಪ್ಪಿಸಿದ. “ಶುರು ಚೆನ್ನಾಗೈತೆ. ನಡುವೆ ವಸಿ ಉದ್ದ ಆಯ್ತೇನೋ. ಕೊನೆ ಬಹಳ ಚೆನ್ನಾಗೈತೆ.”

ಉಮೈರ್ ಅದನ್ನು ಫೋನಿನಲ್ಲಿ ಬರೆದುಕೊಂಡು ಹಿಂದಿನ ಕೋಣೆಗೆ ಹೋದ. ಅಲ್ಲಿ ಮುನೀರ್ ಪಾಷಾ ಮೈಕಿಗೆ ಬೆಸುಗೆ ಹಾಕುತ್ತ ಕೂತಿದ್ದರು. ಎರಡು ನಿಮಿಷದಲ್ಲಿ ಹುಡುಗ ತಿರುಗಿ ಬಂದ.

“ಕೊನೆ ಬಹಳ ಚೆನ್ನಾಗೈತೆ ಅಂದ್ಯಲ್ಲ. ಕೊನೇಲಿ ಯಾವುದು ಚೆನ್ನಾಗೈತೆ?”

ಬಸವೇಶ ಸೀಲಿಂಗ್ ನೋಡಿದ. ಫ್ಯಾನು ತಿರುಗುತ್ತಿತ್ತು.

“ಅದು ಮುಗಿಯುತ್ತಲ್ಲ, ಅದು.”

ಉಮೈರ್ ಅದನ್ನೂ ಬರೆದುಕೊಳ್ಳಲು ಹೋಗಿ ನಿಲ್ಲಿಸಿದ. “ನೀನು ಪೂರ್ತಿ ಕೇಳೇ ಇಲ್ಲ ಅಲ್ವಾ? ಬಾ, ದೊಡ್ಡ ಸೆಟ್ಟಲ್ಲೇ ಹಾಕ್ತೀನಿ.”

ದೊಡ್ಡ ಸೆಟ್ಟನ್ನು ಪರೀಕ್ಷಿಸಲು ಮುನೀರ್ ಸೌಂಡ್ಸಿನಲ್ಲಿ ಒಂದು ಪದ್ಧತಿಯಿತ್ತು. ಅವರ ಬಳಿ ಯಾವ ಮೀಟರೂ ಇರಲಿಲ್ಲ. ಗೋಡೆಯಾಚೆ ಕಲ್ಲಮ್ಮನ ಹಲಗೆಯ ಮೇಲೆ ಸಾಲಾಗಿ ಬೋರಲು ಹಾಕಿದ ಸ್ಟೀಲ್ ಲೋಟಗಳೇ ಮೀಟರು. ಲೋಟ ಗಲಗುಟ್ಟಿದರೆ ಆ ಡಬ್ ಡಬ್ ಬೇಸ್ ನಾಮಕರಣಕ್ಕೆ ಸಾಕು. ಜರುಗಿದರೆ ಮದುವೆಗೆ ಸಾಕು. ಬಿದ್ದರೆ ಗಣಪತಿ ಬಿಡುವುದಕ್ಕೆ. ಮೊದಲೇ ಕೂಗಿ ಹೇಳಿದರೆ ಕಲ್ಲಮ್ಮ ಕೆಳಗಿದ್ದ ಪಾತ್ರೆಗಳನ್ನು ಸರಿಸಿ, ಲೋಟ ಎಷ್ಟು ಜರುಗಿತೆಂದು ವರದಿಯನ್ನೂ ಕೊಡುತ್ತಿದ್ದಳು.

ಇವತ್ತು ಯಾರೂ ಕೂಗಿ ಹೇಳಲಿಲ್ಲ.

ಡಬ್ ಡಬ್ ಶುರುವಾಯಿತು. ಬಸವೇಶ ಈ ಸಲ ಕಣ್ಣು ಬಿಟ್ಟುಕೊಂಡೇ ಕೇಳಿದ. ಸೈರನ್ ಬಂತು. ಅದರ ಹಿಂದೆ ಟಿಣಿಟಿಣಿ ರಾಗ ಬಂತು. ಆಮೇಲೆ ಯಾರೋ ಬಾವಿಯೊಳಗಿಂದ ಕೂಗಿದ ಹಾಗೆ ‘ಗೇಮ್ ಓವರ್’ ಎಂದರು. ಇನ್ನೊಮ್ಮೆ ಎಂದರು. ಹನ್ನೊಂದನೆಯ ಸಲಕ್ಕೆ ಗೋಡೆಯಾಚೆ ತಗಡಿನ ಮನೆ ಕುಸಿದಂಥ ಶಬ್ದವಾಯಿತು. ಕಲ್ಲಮ್ಮ ಸಾಂಬಾರಿನ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಮೊಣಕೈವರೆಗೆ ಸಾಂಬಾರಾಗಿತ್ತು.

“ಆರು ಲೋಟ ಸಾಂಬಾರಿಗೆ ಬಿದ್ದೋಯ್ತು ಕಣ್ರೋ! ಇದೇನ್ ಹಾಡಾ, ಕಲ್ಲು ಕ್ವಾರಿಯಾ? ಲೇ ಬಸವೇಶ, ನಂಗೂ ಹಂಗೇ ಅನ್ನಿಸ್ತು ಅಂದ್ಯಲ್ಲ, ಈಗ ಬಾಯಿ ಬಿಟ್ಟು ಹೇಳು!”

ಉಮೈರ್ ಬಸವೇಶನ ಕಡೆ ತಿರುಗಿದ. ಹಿಂದಿನ ಕೋಣೆಯ ಬಾಗಿಲಲ್ಲಿ ಮುನೀರ್ ಪಾಷಾ ಕೂಡ ಕಾಣಿಸಿಕೊಂಡರು.

“ಅದು ನಾನು... ಟ್ಯಾಂಕರ್ ವಿಷಯ ಮಾತಾಡಿದ್ದು,” ಎಂದ ಬಸವೇಶ.

“ಯಾವ ಟ್ಯಾಂಕರ್ರು?” ಎಂದ ಉಮೈರ್.

ಮುನೀರ್ ಪಾಷಾ ಬೆರಳಲ್ಲಿ ಬಾ ಎಂದು ಸನ್ನೆ ಮಾಡಿದರು. ಬಸವೇಶ ಅವರ ಹಿಂದೆ ಗೋಡೌನಿಗೆ ಹೋಗಿ, ಮೈಕ್ ಸ್ಟ್ಯಾಂಡುಗಳ ನಡುವೆ ಇನ್ನೊಂದು ಸ್ಟ್ಯಾಂಡಿನಂತೆ ನಿಂತ.

“ನೋಡಪ್ಪಾ ಬಸವೇಶ. ಆಪರೇಟರಿಗೆ ಕೈ ಮುಖ್ಯ ಅಲ್ಲ, ಕಿವಿ ಮುಖ್ಯ. ಕಿವಿ ಕೇಳಿದ್ದನ್ನ ಬಾಯಿ ಹೇಳ್ಬೇಕು. ಇವತ್ತು ಹಾಡು ಚೆನ್ನಾಗೈತೆ ಅಂತ ಸುಳ್ಳು ಹೇಳೋನು, ನಾಳೆ ಮದುವೆ ಮನೇಲಿ ಮೈಕ್ ಕುಯ್ಯೋ ಅಂತಿದ್ರೂ ಚೆನ್ನಾಗೈತೆ ಅಂತಾನೆ. ಯಾರು ಮಾಡಿದ್ದು ಅಂತ ನೋಡ್ಬೇಡ. ಹೆಂಗೈತೆ ಹೇಳು.”

ಬಸವೇಶನಿಗೆ ಎದೆ ಹಗುರವಾಯಿತು. ಇದು ಹಾಡಿನ ಪರೀಕ್ಷೆಯಲ್ಲ, ತನ್ನ ಪರೀಕ್ಷೆ. ಹದಿನೈದು ದಿನದಿಂದ ಬಿಗಿಹಿಡಿದಿದ್ದ ಬಾಯಿ ಒಡೆದ ಪೈಪಿನ ಹಾಗೆ ಬಿಟ್ಟುಕೊಂಡಿತು.

“ಹಂಗಾದ್ರೆ ಹೇಳ್ತೀನಿ ಮುನೀರಣ್ಣ. ರಾಗ ಶುರುವಾಗೋಕೇ ಎರಡು ನಿಮಿಷದ ಮೇಲಾಯ್ತದೆ. ಅಷ್ಟೊತ್ತಿಗೆ ಜನ ಎದ್ದು ಪಾನಿಪುರಿ ಗಾಡಿ ಹತ್ರ ಹೋಗಿರ್ತಾರೆ. ಹತ್ತು ಸೆಕೆಂಡಿಗೇ ರಾಗ ಬರ್ಬೇಕು.”

“ಹೂಂ.”

“ಬೇಸು ರಾಗದ ಮೇಲೆ ಎಮ್ಮೆ ಮಲಗ್ದಂಗೆ ಮಲಗೈತೆ. ರಾಗ ಬಂದಾಗೆಲ್ಲ ಬೇಸು ಎದ್ದು ದಾರಿ ಬಿಡ್ಬೇಕು.”

“ಸೈರನ್ನು?”

“ತೆಗೆದಾಕ್ಬೇಕು.”

“ಪೂರ್ತಿನಾ?”

“ಪೂರ್ತಿ. ಆಂಬುಲೆನ್ಸ್ ಬಂತು ಅಂತ ಜನ ಕುರ್ಚಿ ಎತ್ಕೊಂಡು ಪಕ್ಕಕ್ಕೆ ಹೋಗ್ತಾರೆ.”

ಮುನೀರ್ ಪಾಷಾ ಒಂದು ವೈರನ್ನು ಬಿಚ್ಚಿ ಮತ್ತೆ ಸುತ್ತಿದರು. “ಆ ಗೇಮ್ ಓವರ್ ಅನ್ನೋ ದನಿ? ಅದು ಬಹಳ ಎಫೆಕ್ಟ್ ಕೊಡುತ್ತೆ ಅಂತ...”

“ಹನ್ನೊಂದು ಸಲ ಗೇಮ್ ಓವರ್ ಅಂದ್ರೂ ಅದು ಓವರ್ ಆಗಲ್ವಲ್ಲಣ್ಣ, ಅದೇ ಬೇಜಾರು. ಆ ಆಟದ ರಾಗ ಒಂದೇ ಒಳ್ಳೇದು. ಅದನ್ನ ಅದ್ರ ಪಾಡಿಗೆ ಬಿಟ್ಟಿದ್ರೆ ಸಾಕಿತ್ತು. ನಿಜ ಹೇಳ್ಲಾ? ಇಪ್ಪತ್ತು ವರ್ಷದ ಹುಡುಗ ಮಾಡಿದಂಗೇ ಇಲ್ಲ ಬಿಡಿ. ಯಾರೋ ವಯಸ್ಸಾದೋರು ಮೊಮ್ಮಕ್ಕಳ ಮೊಬೈಲ್ ಕಿತ್ಕೊಂಡು ಸಿಕ್ಕಿದ್ದೆಲ್ಲ ಒತ್ತಿದಂಗೈತೆ.”

ವೈರಿನ ಸುರುಳಿ ಗೋಡೆಯ ಮೊಳೆಗೆ ಹೋಯಿತು.

“ಸರಿ,” ಎಂದರು ಮುನೀರ್ ಪಾಷಾ. “ಟೆಂಪೋಗೆ ಲೋಡ್ ಮಾಡು.”

ಮೂರು ಗಂಟೆಗೆ ಟೆಂಪೋ ಅಜ್ಜಂಪುರದ ಕಡೆ ಹೊರಟಿತು. ಮುನೀರ್ ಪಾಷಾ ಒಬ್ಬರೇ ಮುಂದೆ ಕೂತು ಓಡಿಸುತ್ತಿದ್ದರು. ಹಂಪು ಬಂದರೂ ನಿಧಾನ ಮಾಡುತ್ತಿರಲಿಲ್ಲ. ಬಸವೇಶ, ಉಮೈರ್ ಇಬ್ಬರೂ ಹಿಂದೆ ಬಾಕ್ಸುಗಳ ನಡುವೆ ಕೂತು ಅವುಗಳ ಜೊತೆಗೇ ಮೇಲೇಳುತ್ತ, ಬೀಳುತ್ತ ಸಾಗಿದರು. ಕೆಲಸ ಸಿಕ್ಕಿದ ಹಾಗೇ ಎಂದುಕೊಂಡಿದ್ದ ಬಸವೇಶನಿಗೆ ಹುಡುಗನ ಮೇಲೆ ಕನಿಕರ ಬಂತು.

“ಬೇಜಾರ್ ಮಾಡ್ಕೋಬೇಡ ಉಮೈರ್. ನಿಮ್ಮಪ್ಪ ಕೇಳಿದ್ರು, ಇರೋದನ್ನ ಇದ್ದಂಗೆ ಹೇಳ್ಬಿಟ್ಟೆ. ಒಂದ್ ಸೆಕೆಂಡೂ ಬಿಡ್ದಂಗೆ ಬೈದೆ. ನೀನು ಇನ್ನೂ ಚಿಕ್ಕೋನು, ಕಲೀತೀಯ.”

ಉಮೈರ್ ಬಾಕ್ಸನ್ನು ಗಟ್ಟಿಯಾಗಿ ಹಿಡಿದುಕೊಂಡ. “ಅಬ್ಬಾಗೆ ಹೇಳಿದ್ಯಾ? ಅಬ್ಬಾ ಮುಖಕ್ಕೇ?”

“ಹೂಂ. ಅವರೇ ಕೇಳಿದ್ರು.”

“ಅಯ್ಯೋ ಬಸವೇಶಣ್ಣ! ಅದನ್ನ ಮಾಡಿರೋದೇ ಅಬ್ಬಾ.”

ಟೆಂಪೋ ಇನ್ನೊಂದು ಹಂಪು ಹಾರಿತು.

“ಈ ಸೌಂಡ್ಸ್ ಅಂಗಡಿಗೆ ಮುಂಚೆ ಅಬ್ಬಾ ಬಸ್‌ಸ್ಟ್ಯಾಂಡ್ ಹಿಂದೆ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ರು. ಆ ಕಾರ್ ರೇಸಿನ ರಾಗ ದಿನಾ ಕೇಳ್ತಿದ್ರಂತೆ. ಎಂಟು ತಿಂಗಳಿಂದ ನನ್ನ ಲ್ಯಾಪ್‌ಟಾಪ್ ನನ್ನ ಕೈಗೇ ಸಿಕ್ಕಿಲ್ಲ. ಮಾಲೀಕ ಮಾಡಿದ್ದು ಅಂದ್ರೆ ಎಲ್ರೂ ಸೂಪರ್ ಅಂತಾರೆ, ನಿನ್ನ ಹೆಸರು ಹೇಳಿ ಕೇಳು ಅಂದಿದ್ರು.”

ಬಸವೇಶ ಪಕ್ಕದ ಬಾಕ್ಸನ್ನು ತಬ್ಬಿಕೊಂಡ. “ಆ ಗೇಮ್ ಓವರ್ ಅನ್ನೋ ದನಿ?”

“ಅದೂ ಅವರದ್ದೇ. ಮೂರು ದಿನ ಪ್ರಾಕ್ಟೀಸ್ ಮಾಡಿದ್ರು.”

ಅಜ್ಜಂಪುರದಲ್ಲಿ ಯುವಕ ಸಂಘದ ವಾರ್ಷಿಕೋತ್ಸವಕ್ಕೆ ಪೆಂಡಾಲು ಸಿದ್ಧವಾಗಿತ್ತು. ಬಸವೇಶ ಯಾರ ಮುಖವನ್ನೂ ನೋಡದೆ ಎಂಟು ಬಾಕ್ಸುಗಳನ್ನು ಒಬ್ಬನೇ ಇಳಿಸಿದ. ಹೇಳದಿದ್ದ ವೈರುಗಳನ್ನೂ ಎಳೆದ. ಕೆಲಸ ಕಳೆದುಕೊಳ್ಳುವ ಮೊದಲು ಮನುಷ್ಯ ಎಷ್ಟು ಚುರುಕಾಗಬಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು. ಕೊನೆಗೆ ಟೆಂಪೋದ ಮುಂದಿನ ಸೀಟಿನಿಂದ ಕರೆ ಬಂತು. ಮುನೀರ್ ಪಾಷಾ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು.

“ಉಮೈರ್ ಹೇಳಿದ್ನಂತಲ್ಲ.”

“ಮುನೀರಣ್ಣ, ನಾನು ಆ ವಯಸ್ಸಾದೋರು ಅಂದಿದ್ದು...”

“ಸುಮ್ನಿರಪ್ಪಾ. ನೀನು ಹೇಳಿದ್ದೆಲ್ಲ ಸರಿ. ದಾರಿಯುದ್ದಕ್ಕೂ ಯೋಚಿಸ್ದೆ. ನನ್ನ ಅಂಗಡೀಲಿ ಇಷ್ಟು ವರ್ಷದಲ್ಲಿ ಒಬ್ಬನೂ ನಂಗೆ ನಿಜ ಹೇಳಿಲ್ಲ. ಇವತ್ತು ಆ ಹಾಡು ಹಾಕೋದಿಲ್ಲ. ನಾಳೆಯಿಂದ ನೀನು ಖಾಯಂ.”

ಬಸವೇಶನಿಗೆ ಕಣ್ಣು ತುಂಬಿ ಬಂತು. ಪೆಂಡಾಲಿನ ಮೂಲೆಯಲ್ಲಿ ದೀಪಗಳನ್ನು ಮಿನುಗಿಸುತ್ತಿದ್ದ ಮಿಕ್ಸರಿನ ಕಡೆಗೆ, ಅದರ ಮುಂದಿದ್ದ ಪ್ಲಾಸ್ಟಿಕ್ ಕುರ್ಚಿಯ ಕಡೆಗೆ ಹೊರಟ.

“ಎಲ್ಲಿಗೆ?” ಎಂದರು ಮುನೀರ್ ಪಾಷಾ. “ಅಲ್ಲಿ ಉಮೈರ್ ಕೂರ್ತಾನೆ. ಆ ಸದ್ದಲ್ಲಿ ಅವನ ಕಿವಿ ಹಾಳಾದ್ರೂ ನಷ್ಟ ಇಲ್ಲ. ನಿನ್ನ ಕಿವಿ ಅಂಥದ್ದಲ್ಲ, ಜೋಪಾನ ಮಾಡ್ಬೇಕು. ನೀನು ಇನ್ಮೇಲೆ ಪ್ರೋಗ್ರಾಮಿಗೆ ಬರೋದೇ ಬೇಡ. ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಗೋಡೌನಲ್ಲಿ ನನ್ನ ಪಕ್ಕ ಕೂತ್ಕೊಂಡು ಫೀಡ್‌ಬ್ಯಾಕ್ ಕೊಡು. ಇಂಥವು ಇನ್ನೂ ಮೂವತ್ತೆಂಟು ಮಾಡಿಟ್ಟಿದೀನಿ.”

ಅವರೇ ಹೆಡ್‌ಫೋನನ್ನು ಬಸವೇಶನ ತಲೆಗೆ ಹಾಕಿ, ಎರಡೂ ಕಿವಿಗೆ ಸರಿಯಾಗಿ ಕೂರಿಸಿದರು.

“ಇದು ಒಂಬತ್ತು ನಿಮಿಷ ಇದೆ. ಯಾವ ಮುಲಾಜೂ ಬೇಡ. ಹೆಂಗೈತೆ ಹೇಳು.”

“ಬಹಳ ಚೆನ್ನಾಗೈತೆ ಅಣ್ಣ,” ಎಂದ ಬಸವೇಶ.

“ಇನ್ನೂ ಶುರು ಮಾಡಿಲ್ಲ ಕಣಪ್ಪಾ,” ಎಂದರು ಮುನೀರ್ ಪಾಷಾ.