ಹಳೆಯ ಕಂಪ್ಯೂಟರಿನ ಹೊಸ ಯಜಮಾನ

ಪಾಪನಿವೇದನೆಯ ಸಾಲಿನಲ್ಲಿ ನಿಂತಾಗ ನನಗೆ ಯಾವತ್ತೂ ಒಂದೇ ಕಷ್ಟ. ಹೇಳಿಕೊಳ್ಳುವಂಥ ಪಾಪ ಒಂದೂ ನೆನಪಿಗೆ ಬರುವುದಿಲ್ಲ. ಮಾಡಿಲ್ಲವೆಂದಲ್ಲ, ನನ್ನ ತಪ್ಪುಗಳ ವಿಷಯದಲ್ಲಿ ನನ್ನ ನೆನಪು ಮೊದಲಿನಿಂದಲೂ ದುರ್ಬಲ. ಹಾಗಾಗಿ ಸಿಟ್ಟು ಮಾಡಿಕೊಂಡೆ, ಒಂದು ಆದಿತ್ಯವಾರದ ಪೂಜೆ ತಪ್ಪಿಸಿದೆ, ಹೆಂಡತಿಯ ಮೇಲೆ ರೇಗಿದೆ ಎಂಬ ಮೂರು ಪಾಪಗಳನ್ನೇ ನಲವತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಎಷ್ಟು ಪಾದ್ರಿಗಳು ಬಂದು ವರ್ಗವಾಗಿ ಹೋದರೂ ನನ್ನ ಪಾಪಗಳು ವರ್ಗವಾಗಲಿಲ್ಲ. ಈಗಿನ ಪಾದ್ರಿಗಳಿಗೂ ಅದು ಬಾಯಿಪಾಠವಾಗಿ, ನಾನು ಮೊಣಕಾಲೂರುವ ಮೊದಲೇ ತಲೆಯಾಡಿಸಲು ಶುರು ಮಾಡುತ್ತಿದ್ದರು. ಕಳೆದ ಸಲ ಮಾತ್ರ ಅವರು ತಲೆಯಾಡಿಸುವುದನ್ನು ನಿಲ್ಲಿಸಿ, ನಮ್ಮಿಬ್ಬರ ನಡುವಿನ ಜಾಲರಿಯ ಹತ್ತಿರ ಕಿವಿ ತಂದು, "ಏನು, ಮೀನೆಣ್ಣೆಯಾ?" ಎಂದು ಕೇಳಿದರು.

ಅದು ಹೇಗಾಯಿತೆಂದು ಹೇಳುತ್ತೇನೆ. ನಾನು ಕಾಪುವಿನವನು. ಹತ್ತನೆಯ ಕ್ಲಾಸು ಮುಗಿಸಿ ಉಡುಪಿ–ಕಾರ್ಕಳ ಲೈನಿನ ಖಾಸಗಿ ಬಸ್ಸಿಗೆ ಕ್ಲೀನರನಾಗಿ ಹತ್ತಿದವನು, ಹತ್ತು ವರ್ಷದ ಮೇಲೆ ಕಂಡಕ್ಟರನಾಗಿ ಮೂವತ್ತೊಂದು ವರ್ಷ ಇಳಿಯಲೇ ಇಲ್ಲ. ನಿವೃತ್ತನಾದ ಮೇಲೆ ಎರಡು ಚಟ ಉಳಿದವು. ಒಂದು, ಹತ್ತಿರ ಕೂತವನ ಜೊತೆಗೂ ಹಿಂಬದಿ ಬಾಗಿಲಿನವರೆಗೆ ಕೇಳುವಂತೆ ಮಾತಾಡುವುದು. ಇನ್ನೊಂದು, ಸಂಪಾದಕರಿಗೆ ಪತ್ರ ಬರೆಯುವುದು. ತಂಗುದಾಣಕ್ಕೆ ಮಾಡು ಇಲ್ಲ, ಮೋರಿಗೆ ಚಪ್ಪಡಿ ಇಲ್ಲ, ರಸ್ತೆಯ ಹಂಪಿಗೆ ಬಿಳಿ ಬಣ್ಣ ಇಲ್ಲ ಎಂದು ವಾರಕ್ಕೊಂದು ಪತ್ರ. ಒಂದು ದಿನ ಪತ್ರಿಕೆಯವರು, ಕೈಬರಹದ ಪತ್ರಗಳನ್ನು ಇನ್ನು ಸ್ವೀಕರಿಸುವುದಿಲ್ಲ, ಟೈಪ್ ಮಾಡಿ ಇಮೇಲಿನಲ್ಲಿ ಕಳಿಸಿ ಎಂದು ಅಚ್ಚು ಹಾಕಿದರು. ಅದನ್ನು ಖಂಡಿಸಿ ಒಂದು ಪತ್ರ ಬರೆದೆ. ಅದೂ ಕೈಬರಹದಲ್ಲಿ ಇದ್ದದ್ದರಿಂದ ಪ್ರಕಟವಾಗಲಿಲ್ಲ. ಕೊನೆಗೆ ಉಡುಪಿಗೆ ಹೋಗಿ, ಯಾವುದೋ ಆಫೀಸಿನವರು ಬೇಡವೆಂದು ಕೊಟ್ಟಿದ್ದ ಹಳೆಯ ಕಂಪ್ಯೂಟರನ್ನು ಒಂದು ಅಂಗಡಿಯಿಂದ ಕೊಂಡು ತಂದೆ. ಹೀಗೆ ಅರುವತ್ತೆಂಟನೆಯ ವಯಸ್ಸಿನಲ್ಲಿ ನಾನು ಹಳೆಯ ಕಂಪ್ಯೂಟರಿನ ಹೊಸ ಯಜಮಾನನಾದೆ.

ಬಸ್ಸಿಗೆ ಒಬ್ಬಳು ಹೆಂಗಸು ಹತ್ತಿ, ನಾವು ಟಿಕೇಟಿಗೆ ಕೈ ಚಾಚಿದರೆ "ಹಿಂದೆ ಐದು ಜನ ಇದ್ದಾರೆ" ಅನ್ನುವುದುಂಟು. ಕಂಪ್ಯೂಟರೂ ಹಾಗೆಯೇ. ಅದೊಂದೇ ಬಂತೆಂದು ತಿಳಿದಿದ್ದೆ. ಹಿಂದಿನಿಂದ ಯುಪಿಎಸ್ ಬಂತು, ಕರೆಂಟಿನ ಉದ್ದ ವಯರು ಬಂತು, ಮೌಸಿಗೆ ಕೂರಲು ಚಾಪೆ ಬಂತು, ಕನ್ನಡ ಅಕ್ಷರಗಳನ್ನು ಕೀಬೋರ್ಡಿಗೆ ಅಂಟಿಸುವ ಚೀಟಿ ಬಂತು. ನನ್ನ ಹೆಂಡತಿ ಸಿಸಿಲಿಯಾ ನಮ್ಮ ಮನೆಯ ರೇಡಿಯೋ, ಟಿ.ವಿ., ಮಿಕ್ಸಿ ಎಲ್ಲದಕ್ಕೂ ಬಿಳಿ ನೂಲಿನ ಕ್ರೋಶಾ ಹೊದಿಕೆ ಹೆಣೆದವಳು. ಮಾನಿಟರಿಗೂ ಒಂದು ಹೆಣೆದಳು. ಮೌಸಿಗೆ ಟೊಪ್ಪಿ ಹೆಣೆಯಲು ಅಳತೆ ತೆಗೆಯುತ್ತಿದ್ದಾಗ ನಾನು ತಡೆದೆ. ಯಂತ್ರ ಚಾಲೂ ಆಗಿ ಫ್ಯಾನು ಗುಂಯ್ ಎಂದಾಗಲೆಲ್ಲ ನನ್ನ ಬಾಯಿಂದ ತನ್ನಷ್ಟಕ್ಕೆ "ರೈಟ್, ಪೋಯಿ" ಎಂದು ಬರುತ್ತಿತ್ತು. ಮೂವತ್ತೊಂದು ವರ್ಷ ಡ್ರೈವರಿಗೆ ಹೊರಡಲು ಹೇಳಿದ ಬಾಯಿ ಅದು.

ಎರಡನೆಯ ತಿಂಗಳಲ್ಲಿ ಒಂದು ದಿನ ರೈಟ್ ಹೇಳಿದರೂ ಅದು ಹೊರಡಲಿಲ್ಲ. ಕಾಪು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಸದಾನಂದ ಎಂಬವರಿದ್ದಾರೆ. ಕಡಿಮೆ ಮಾತಿನ ಮನುಷ್ಯ. ಸಿಪಿಯು ಪೆಟ್ಟಿಗೆಯನ್ನು ಎರಡು ದಿನ ಅಂಗಡಿಯಲ್ಲಿ ಇಟ್ಟುಕೊಂಡು, ಒಳಗಿನ ಒಂದು ಪಟ್ಟಿಯನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ ಸರಿ ಮಾಡಿದರು. ರಬ್ಬರಿನಿಂದ ಉಜ್ಜಿದರೆ ಕಂಪ್ಯೂಟರು ಸರಿಯಾಗುತ್ತದೆ ಎಂದರೆ ನನಗೆ ಆಗಲೇ ಅರ್ಧ ಸಂಶಯ. ತಂದುಕೊಡುವಾಗ ಅವರು ಒಂದು ಮಾತು ಹೇಳಿದರು: "ನಿಮ್ಮ ಮನೆ ಕಡಲಿನ ಬದಿಗೆ ಅಲ್ವಾ ಪೊರ್ಬುಗಳೇ, ಉಪ್ಪುಗಾಳಿ ಜೋರುಂಟು. ಹಿಂದಿನ ಪಿನ್ನುಗಳು ಬೇಗ ತುಕ್ಕು ಹಿಡಿಯುತ್ತವೆ. ಸ್ವಲ್ಪ ಜಾಗ್ರತೆ ಮಾಡಿ." ಪೊರ್ಬುಗಳು ಎಂದು ತುಳುವರು ನಮ್ಮ ಕೊಂಕಣಿ ಕ್ರಿಸ್ತುವರನ್ನು ಮರ್ಯಾದೆಯಿಂದ ಕರೆಯುವುದು. ಆ ಮರ್ಯಾದೆಗೆ ನಾನು ಮಾಡಿದ್ದನ್ನು ಮುಂದೆ ನೋಡಿ.

ಉಪ್ಪುಗಾಳಿಗೆ ಔಷಧ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ನಮ್ಮ ಗ್ಯಾರೇಜಿನಲ್ಲಿ ಬಸ್ಸಿನ ಹೊಟ್ಟೆಗೆ ಮೀನೆಣ್ಣೆ ಹೊಡೆಯುತ್ತಿದ್ದರು. ಎರಡು ದಿನ ವಾಸನೆ, ಆಮೇಲೆ ವರ್ಷವಿಡೀ ತುಕ್ಕಿಲ್ಲ. ನನ್ನ ಸ್ಕೂಟರಿಗೆ ಇಪ್ಪತ್ತಾರು ವರ್ಷವಾದರೂ ಅಡಿಭಾಗದ ತಗಡು ಗಟ್ಟಿ ಇರುವುದು ಅದರಿಂದಲೇ. ಹಿತ್ತಿಲಿನ ಡಬ್ಬಿಯಲ್ಲಿ ಇನ್ನೂ ಅರ್ಧ ಲೀಟರು ಉಳಿದಿತ್ತು. ಹಳೆಯ ಬ್ರಶ್ ಅದ್ದಿ, ಸಿಪಿಯುವಿನ ಹಿಂಭಾಗದ ತೂತುಗಳಿಗೆ, ತಿರುಪುಗಳಿಗೆ, ಫ್ಯಾನಿನ ಜಾಲರಿಗೆ ತೆಳ್ಳಗೆ, ಕಲಾಯಿ ಹಾಕುವವನ ಶ್ರದ್ಧೆಯಿಂದ ಹಚ್ಚಿದೆ. ಮನೆಯಲ್ಲಿ ಯಾರಿಗೂ ವಾಸನೆ ತಿಳಿಯಲಿಲ್ಲ. ಕಾಪುವಿನಲ್ಲಿ ಮೀನಿನ ವಾಸನೆಯನ್ನು ವಾಸನೆಯ ಲೆಕ್ಕಕ್ಕೆ ಹಿಡಿಯುವ ಕ್ರಮವಿಲ್ಲ. ನಮ್ಮ ಬೆಕ್ಕು ಮಾತ್ರ ಅಡುಗೆಮನೆ ಬಿಟ್ಟು ಕಂಪ್ಯೂಟರ್ ಮೇಜಿನ ಕೆಳಗೆ ಬಿಡಾರ ಹೂಡಿತು. "ಅದಕ್ಕೂ ಕಲಿಯುವ ಆಸೆ ಉಂಟು, ನೋಡಿ," ಎಂದು ಸಿಸಿಲಿಯಾ ಹೇಳಿದಾಗ ನಾನು ಹೆಮ್ಮೆಪಟ್ಟುಕೊಂಡೆ.

ತಿಂಗಳು ಕಳೆಯುವುದರೊಳಗೆ ಫ್ಯಾನಿನ ಸ್ವರ ಬದಲಾಯಿತು. ಗುಂಯ್ ಅನ್ನುತ್ತಿದ್ದದ್ದು ಗೊರಗೊರ ಎಂದಿತು. ಹತ್ತು ನಿಮಿಷ ನಡೆದು ಯಂತ್ರ ತಾನಾಗಿ ನಿಂತುಹೋಗತೊಡಗಿತು. ಎಂಜಿನಿನ ಸ್ವರ ಕೇಳಿಯೇ ಯಾವ ಬಸ್ಸು ಬರುತ್ತಿದೆ ಎಂದು ಹೇಳಬಲ್ಲವನು ನಾನು. ಇದು ನನ್ನ ಫ್ಯಾನಲ್ಲ ಎಂದು ತೀರ್ಮಾನಿಸಿದೆ. ಎರಡು ದಿನ ಅಂಗಡಿಯಲ್ಲಿ ಇಟ್ಟುಕೊಂಡದ್ದು ಯಾಕೆ ಎಂದು ಈಗ ತಿಳಿಯಿತು: ಒಳ್ಳೆಯದನ್ನು ಬಿಚ್ಚಿಕೊಂಡು ಹಳೆಯದನ್ನು ಹಾಕಿ ಕೊಟ್ಟಿದ್ದಾನೆ. ಸದಾನಂದರ ಹತ್ತಿರ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದೆ, ಆಮೇಲೆ ಬೇರೆಯವರಿಗೆ ಹೇಳಲು ಏನು ಉಳಿಯುತ್ತದೆ? ಅದೇ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರು ಸಿಕ್ಕಿ, ಶಾಲೆಯ ಹನ್ನೆರಡು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸವನ್ನು ಸದಾನಂದರಿಗೆ ಕೊಡುವ ಅಂತ ಉಂಟು, ಜನ ಹೇಗೆ ಎಂದು ವಿಚಾರಿಸಿದರು.

"ಕೊಡಿ ಮಾಸ್ಟ್ರೇ," ಎಂದೆ. "ಹನ್ನೆರಡು ಕೊಡಿ. ಹನ್ನೊಂದು ವಾಪಸ್ ಬರ್ತದೆ."

ನಿಲ್ದಾಣದಲ್ಲಿದ್ದವರೆಲ್ಲ ನಕ್ಕರು. ನನ್ನ ಸ್ವರ ಹೇಗಿದೆಯೆಂದು ಮೊದಲೇ ಹೇಳಿದ್ದೇನೆ. ಆ ಮಾತು ನನಗೇ ಎಷ್ಟು ರುಚಿಸಿತೆಂದರೆ ಕ್ಷೌರದ ಅಂಗಡಿಯಲ್ಲಿ ಒಮ್ಮೆ, ಮೀನು ಮಾರ್ಕೆಟ್ಟಿನಲ್ಲಿ ಒಮ್ಮೆ, ಪೂಜೆ ಬಿಟ್ಟ ಮೇಲೆ ಇಗರ್ಜಿಯ ಅಂಗಳದಲ್ಲಿ ಎರಡು ಸಲ ಹೇಳಿದೆ. ಸದಾನಂದರಿಗೆ ಶಾಲೆಯ ಕೆಲಸ ಸಿಗಲಿಲ್ಲ.

ಯಂತ್ರ ಹಾಗೆಯೇ ಬಿದ್ದಿತ್ತು. ಅದನ್ನು ಗೋಣಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಒಂದು ಬೆಳಿಗ್ಗೆ ಬಸ್ಸು ಹತ್ತಿದೆ. ಮೊದಲು ಮಣಿಪಾಲದಲ್ಲಿ ಇಳಿದೆ. ಅಲ್ಲಿಯ ಅಂಗಡಿಯಲ್ಲಿ ದೇಶದ ಎಲ್ಲ ಭಾಷೆ ಮಾತಾಡುವ ವಿದ್ಯಾರ್ಥಿಗಳು ತೆಳ್ಳಗಿನ ಲ್ಯಾಪ್‌ಟಾಪು ಹಿಡಿದು ನಿಂತಿದ್ದರು. ನಾನು ಗೋಣಿ ಬಿಚ್ಚಿದ ಕೂಡಲೇ ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು. ಹಿರಿಯರಿಗೆ ದಾರಿ ಬಿಟ್ಟರು ಎಂದು ನಾನು ತಿಳಿದೆ. ಅಂಗಡಿಯವರು ಪೆಟ್ಟಿಗೆ ಮುಟ್ಟದೆಯೇ, ಒಂದು ವಾರ ಬಿಟ್ಟು ಬನ್ನಿ ಎಂದರು. ಅಲ್ಲಿಂದ ಕಾರ್ಕಳದ ಬಸ್ಸು ಹತ್ತಿದೆ. ನನ್ನ ಹಳೆಯ ಡ್ರೈವರ್ ಮೋನಪ್ಪಣ್ಣನ ಮಗಳು ಶಶಿಕಲಾ ಅಲ್ಲಿ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಪರ್ಕಳ ದಾಟುವಾಗ ಕಂಡಕ್ಟರು ಬಂದು ಮೂಗು ಏರಿಸಿ, "ಅಜ್ಜೆರೇ, ಮೀನಿನ ಬುಟ್ಟಿ ಸೀಟಲ್ಲಿ ಇಡ್ಲಿಕ್ಕಿಲ್ಲ. ಹಿಂದೆ ಇಡಿ" ಎಂದ. ಇದೇ ಲೈನಿನಲ್ಲಿ, ಇದೇ ಮಾತನ್ನು, ಮೂವತ್ತೊಂದು ವರ್ಷ ಮೀನು ಮಾರುವ ಹೆಂಗಸರಿಗೆ ಹೇಳಿದವನು ನಾನು. ಇದು ಕಂಪ್ಯೂಟರು ಎಂದೆ. ಅವನು ಗೋಣಿಯನ್ನೂ ನನ್ನನ್ನೂ ನೋಡಿ, "ಎಂತದ್ದಾದರೂ ಆಗ್ಲಿ, ಹಿಂದೆ ಇಡಿ" ಎಂದ. ಇಟ್ಟೆ.

ಶಶಿಕಲಾ ಮುಚ್ಚಳ ಬಿಚ್ಚಿದವಳು ಮುಖ ತಿರುಗಿಸಿ ಬಾಗಿಲಿನವರೆಗೆ ಹೋಗಿ ಬಂದಳು. ಎಣ್ಣೆ ಜಿನುಗಿ ಫ್ಯಾನಿನ ಎಸಳುಗಳಿಗೆ ಇಳಿದಿತ್ತು. ಅದಕ್ಕೆ ಧೂಳು, ಬೆಕ್ಕಿನ ರೋಮ, ಸಿಸಿಲಿಯಾಳ ನೂಲಿನ ತುಣುಕು, ಎರಡು ಜಿರಳೆ ಎಲ್ಲವೂ ಅಂಟಿ ಕಂಬಳಿಯಾಗಿತ್ತು. ಗಾಳಿಯಿಲ್ಲದೆ ಯಂತ್ರ ಬಿಸಿಯಾಗಿ ನಿಲ್ಲುತ್ತಿತ್ತು.

"ಅಂಕಲ್, ಇದಕ್ಕೆ ಎಂತ ಹಾಕಿದ್ದು?"

ಉಪ್ಪುಗಾಳಿಗೆ ಎಂದು ವಿವರಿಸಿದೆ. ಅವಳು ನಗಲಿಲ್ಲ, ಬಹಳ ಕಷ್ಟಪಟ್ಟು. ನಾನು ತಕ್ಷಣ, ಫ್ಯಾನು ಹಾಳಾದದ್ದು ಎಣ್ಣೆಯಿಂದಲ್ಲ, ಅದು ಬದಲಿ ಫ್ಯಾನು, ರಿಪೇರಿಯವನು ಕದ್ದಿದ್ದಾನೆ ಎಂದೆ. ಅವಳು ಬಟ್ಟೆಯಿಂದ ಒರೆಸಿ ಒಂದೊಂದನ್ನೂ ತೋರಿಸಿದಳು. ಫ್ಯಾನಿನ ಮೇಲೆ, ಡಿಸ್ಕಿನ ಮೇಲೆ, ಎಲ್ಲದರ ಮೇಲೂ ನಾನು ಕೊಂಡ ಉಡುಪಿಯ ಅಂಗಡಿಯವರ ಚೀಟಿ ಹಾಗೆಯೇ ಇತ್ತು. ಮತ್ತೆ ಅವಳು ಸಡಿಲ ವಯರುಗಳನ್ನು ಅಚ್ಚುಕಟ್ಟಾಗಿ ಕಟ್ಟಿದ್ದ ನೂಲನ್ನು ಮುಟ್ಟಿ ಹೇಳಿದಳು: "ಯಾರು ಅಂಕಲ್ ಇದನ್ನು ಮೊದಲು ನೋಡಿದ್ದು? ಭಾರೀ ಚಂದದ ಕೈ. ನಾನೂ ಇಷ್ಟು ನೀಟು ಮಾಡುವುದಿಲ್ಲ."

ಅವಳು ಎಣ್ಣೆ ತೆಗೆದು ಸರಿ ಮಾಡಿಕೊಟ್ಟಳು. ವಾಪಸ್ ಬರುವ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಯಾರೂ ಹೇಳದೆಯೇ ಹಿಂದೆ ಇಟ್ಟೆ.

ಆ ವಾರವೇ ಪಾದ್ರಿಗಳ ಮುಂದೆ ಮೊಣಕಾಲೂರಿದ್ದು. ಅವರು ಎಲ್ಲ ಕೇಳಿ, ಜಪಗಳೇನೂ ಬೇಡ, ಆ ಮಾತನ್ನು ಎಲ್ಲೆಲ್ಲಿ ಯಾವ ಸ್ವರದಲ್ಲಿ ಹೇಳಿದ್ದೀಯೋ ಅಲ್ಲೆಲ್ಲ ಅದೇ ಸ್ವರದಲ್ಲಿ ತಿದ್ದು ಎಂದರು. ಹೆಡ್‌ಮಾಸ್ಟರ ಹತ್ತಿರ ಹೋದೆ. ಅವರು ಬೇಸರದಿಂದ, ಉಡುಪಿಯ ಒಬ್ಬರಿಗೆ ಒಂದು ವರ್ಷಕ್ಕೆ ಕೊಟ್ಟಾಗಿದೆ, ಈಗ ಬದಲಿಸಲು ಬರುವುದಿಲ್ಲ ಎಂದರು. ಕೊನೆಗೆ ಸದಾನಂದರ ಅಂಗಡಿಗೆ ಹೋಗಿ, ಸ್ಟೂಲಿನಲ್ಲಿ ಕೂರದೆ ನಿಂತೇ ಎಲ್ಲವನ್ನೂ ಹೇಳಿದೆ. ಅವರು ಕೈಯಲ್ಲಿದ್ದ ತಿರುಪುಗಳನ್ನು ಬಟ್ಟಲಿಗೆ ಹಾಕಿದರು.

"ಗೊತ್ತುಂಟು ಪೊರ್ಬುಗಳೇ. ನಾಲ್ಕು ಜನ ಬಂದು ಹೇಳಿದ್ದಾರೆ. ನನಗೆ ಹೋಗಲಿ. ಮಗಳು ಅದೇ ಶಾಲೆಯಲ್ಲಿ ಎಂಟನೇ ಕ್ಲಾಸು. ಲೆಕ್ಕದ ಟೀಚರು ಹನ್ನೆರಡು ಅಂದ ಕೂಡಲೇ ಮಕ್ಕಳೆಲ್ಲ ತಿರುಗಿ ಅವಳನ್ನು ನೋಡ್ತಾರಂತೆ."

ಮರುದಿನ ಹೆಡ್‌ಮಾಸ್ಟರ ಅಪ್ಪಣೆ ಪಡೆದು, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳ ಮುಂದೆ ನಿಂತೆ. ಮೈಕು ಬೇಡ ಎಂದೆ. ನಾನು ಕಂಪ್ಯೂಟರಿಗೆ ಮೀನೆಣ್ಣೆ ಹಚ್ಚಿದ್ದು, ಬೆಕ್ಕು ಬಿಡಾರ ಹೂಡಿದ್ದು, ಕಂಡಕ್ಟರು ನನ್ನನ್ನು ಮೀನಿನವನೆಂದು ತಿಳಿದದ್ದು, ಇಷ್ಟಾದ ಮೇಲೂ ತಪ್ಪನ್ನು ಕೆಲಸ ಚೆನ್ನಾಗಿ ಮಾಡಿದವರ ತಲೆಗೆ ಕಟ್ಟಿದ್ದು, ಎಲ್ಲವನ್ನೂ ಹೇಳಿದೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ಜಡೆಯ ಒಂದು ಹುಡುಗಿ ಮೊದಲು ನಗದೆ ನಿಂತಿದ್ದವಳು, ಜಿರಳೆಯ ಹತ್ತಿರ ಬರುವಾಗ ನಕ್ಕಳು. ಈಗ ನಾನು ಶಾಲೆಯ ದಾರಿಯಲ್ಲಿ ಹೋದರೆ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ. ಹನ್ನೆರಡರ ಮಾತು ನಿಂತಿದೆ.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಪ್ರಾಯಶ್ಚಿತ್ತದ ಭರದಲ್ಲಿ ನಾನು ಕ್ಷೌರದ ಅಂಗಡಿ, ಮಾರ್ಕೆಟ್ಟು, ಬಸ್ಸು ಎಲ್ಲ ಕಡೆ ಸದಾನಂದರನ್ನು ಎಷ್ಟು ಹೊಗಳಿದೆನೆಂದರೆ, ಪೊರ್ಬುಗಳಿಗೆ ಆ ಅಂಗಡಿಯಲ್ಲಿ ಪಾಲು ಉಂಟಾ ಎಂದು ಜನ ಕೇಳತೊಡಗಿದರು. ಒಂದು ದಿನ ಸದಾನಂದರೇ ಮನೆಗೆ ಬಂದು, ಸಿಸಿಲಿಯಾ ಕೊಟ್ಟ ಚಹಾ ಪೂರ್ತಿ ಕುಡಿದು, ಮೆಲ್ಲಗೆ ಹೇಳಿದರು: "ಒಂದು ಉಪಕಾರ ಮಾಡಿ. ನನ್ನ ಬಗ್ಗೆ ಇನ್ನು ಒಳ್ಳೆಯದೂ ಹೇಳಬೇಡಿ." ಅವರ ಬಗ್ಗೆ ಎಲ್ಲಿಯೂ ಬಾಯಿ ತೆರೆಯುವುದಿಲ್ಲವೆಂದು ಮಾತು ಕೊಟ್ಟೆ.

ಬಾಯಿ ತೆರೆದಿಲ್ಲ. ಟೈಪ್ ಮಾಡುವುದಿಲ್ಲವೆಂದು ಮಾತು ಕೊಟ್ಟಿರಲಿಲ್ಲ. ಆದರೆ ಇದನ್ನು ಬರೆಯಲು ಕುಳಿತ ಮೊದಲ ದಿನವೇ ಕೀಬೋರ್ಡಿನ 'ಸ' ಅಕ್ಷರದ ಕೀ ಒಳಗೆ ಹೋದದ್ದು ಮೇಲೆ ಬರಲಿಲ್ಲ. ಸ ಇಲ್ಲದೆ ಸದಾನಂದ ಎಂದು ಬರೆಯುವುದು ಹೇಗೆ? ಅವರ ಹತ್ತಿರವೇ ಕೊಂಡುಹೋದೆ. ಕೀ ಎಬ್ಬಿಸಿ, ಕೆಳಗಿದ್ದ ಬೆಕ್ಕಿನ ರೋಮ ತೆಗೆದು, ಐದು ನಿಮಿಷದಲ್ಲಿ ಸರಿ ಮಾಡಿಕೊಟ್ಟರು. ಇದೊಂದೇ ಅಕ್ಷರವನ್ನು ಭಾರೀ ಒತ್ತಿದ್ದೀರಲ್ಲ, ಎಂತ ಬರೆಯುತ್ತಾ ಇದ್ದೀರಿ ಎಂದು ಕೇಳಿದರು.

"ಏನಿಲ್ಲ," ಎಂದೆ. "ಸಂಪಾದಕರಿಗೆ ಒಂದು ಪತ್ರ. ಮೋರಿಯ ಬಗ್ಗೆ."

ಮುಂದಿನ ಪಾಪನಿವೇದನೆಗೆ ಸಾಲಿನಲ್ಲಿ ನಿಂತಾಗ ನನಗೆ ಹೇಳಲು ಏನೂ ಇಲ್ಲವೆಂಬ ಕಷ್ಟ ಇರುವುದಿಲ್ಲ.